ಉತ್ತರ ಮೊದಲು, ಪ್ರಶ್ನೆ ಆಮೇಲೆ

ಪ್ರಶ್ನೆ ಕೇಳುವುದನ್ನೇ ಕಸುಬು ಮಾಡಿಕೊಂಡವನು ಕೋಟ್ಯಧೀಶನಾಗಬೇಕಾದರೆ ಏನು ಮಾಡಬೇಕು? ಪ್ರಶ್ನೆ ಕೇಳುವುದನ್ನು ಬಿಡಬೇಕು. ಅಮೆರಿಕದ ಮರ್ವ್ ಗ್ರಿಫಿನ್ ಇದನ್ನು ಮಾಡಿ ತೋರಿಸಿದ ಮಹಾನುಭಾವ.

1925ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಈತ ಮೊದಲು ಹಾಡುಗಾರ. ಫ್ರೆಡ್ಡಿ ಮಾರ್ಟಿನ್ ವಾದ್ಯವೃಂದದ ಜೊತೆ ಹಾಡಿದ ತೆಂಗಿನಕಾಯಿ ಗೊಂಚಲಿನ ಹಾಡೊಂದು 1950ರ ಹೊತ್ತಿಗೆ ಲಕ್ಷಗಟ್ಟಲೆ ಪ್ರತಿ ಖರ್ಚಾಯಿತು. ಒಂದು ಸಸಿಗೆ ಒಂದು ಬಿಂದಿಗೆ ನೀರು ಹೊಯ್ಯದೆ ತೆಂಗಿನಿಂದ ಇಷ್ಟು ಆದಾಯ ತೆಗೆದವರು ತಿಪಟೂರು ಮಂಡಿಯ ದಲ್ಲಾಳಿಗಳನ್ನು ಬಿಟ್ಟರೆ ಈತನೊಬ್ಬನೇ ಇರಬೇಕು.

1962ರ ಅಕ್ಟೋಬರ್ 1ರಂದು ಎನ್‌ಬಿಸಿ ವಾಹಿನಿ ಒಂದೇ ದಿನ ಇಬ್ಬರನ್ನು ಕುರ್ಚಿಯಲ್ಲಿ ಕೂರಿಸಿತು. ರಾತ್ರಿಯ ಟಾಕ್ ಶೋ ಜಾನಿ ಕಾರ್ಸನ್‌ಗೆ, ಹಗಲಿನದು ಗ್ರಿಫಿನ್‌ಗೆ. ಕಾರ್ಸನ್ ಮೂವತ್ತು ವರ್ಷ ಆ ಕುರ್ಚಿ ಬಿಟ್ಟು ಏಳಲಿಲ್ಲ. ಗ್ರಿಫಿನ್‌ನ ಹಗಲು ಮರುವರ್ಷವೇ ಮುಳುಗಿತು. ಆಮೇಲೆ ಆತ ಒಂದು ಕಂಪನಿಯಿಂದ ಇನ್ನೊಂದಕ್ಕೆ ಕುರ್ಚಿ ಹೊತ್ತುಕೊಂಡು ಓಡಾಡುತ್ತ 1986ರವರೆಗೆ ಐದು ಸಾವಿರಕ್ಕೂ ಹೆಚ್ಚು ಕಂತು ಮುಗಿಸಿದ. ಮಾರ್ಟಿನ್ ಲೂಥರ್ ಕಿಂಗ್ ಬಂದರು. ಚಿತ್ರ ನಿರ್ದೇಶಕ ಆರ್ಸನ್ ವೆಲ್ಸ್ 1985ರ ಅಕ್ಟೋಬರ್‌ನಲ್ಲಿ ಬಂದು ಮಾತಾಡಿ ಮನೆಗೆ ಹೋದವರು ಬೆಳಗಾಗುವುದರೊಳಗೆ ತೀರಿಕೊಂಡರು. ಅತಿಥಿ ಏನೇ ಹೇಳಲಿ, ಗ್ರಿಫಿನ್ ಮುಂದಕ್ಕೆ ಬಾಗಿ, ಕಣ್ಣರಳಿಸಿ, "ಓಓಓ" ಎನ್ನುತ್ತಿದ್ದ. ಬಂದವರಿಗೆ ತಾವು ಹೇಳಿದ್ದು ಉಪನಿಷತ್ತೇ ಇರಬೇಕೆಂಬ ಅನುಮಾನ ಬಂದು ಇನ್ನೂ ನಾಲ್ಕು ಮಾತು ಹೆಚ್ಚಿಗೆ ಉದುರಿಸುತ್ತಿದ್ದರು. ಹಾಗೆ ಕೇಳಿಸಿಕೊಳ್ಳುವ ನಿರೂಪಕ ಈಗ ಸಿಕ್ಕರೆ ಮ್ಯೂಸಿಯಂನಲ್ಲಿ ಇಡಬೇಕು. ಆದರೆ ಒಳ್ಳೆಯ ಕಿವಿಗೆ ಒಳ್ಳೆಯ ಸಂಬಳ ಇರುತ್ತದೆ, ಸಾಮ್ರಾಜ್ಯ ಇರುವುದಿಲ್ಲ.

1969ರಲ್ಲಿ ಸಿಬಿಎಸ್ ವಾಹಿನಿ ಈತನನ್ನು ಕಾರ್ಸನ್ ಎದುರಿಗೇ ನಿಲ್ಲಿಸಿತು. ವಿಯೆಟ್ನಾಂ ಯುದ್ಧದ ಕಾಲ. ಯುದ್ಧ ಬೇಡ ಎನ್ನುವ ಅತಿಥಿಗಳೇ ಜಾಸ್ತಿಯಾದರೆಂದು ಮೇಲಿನವರಿಗೆ ಹೊಟ್ಟೆಯುರಿ. 1970ರ ಮಾರ್ಚ್‌ನಲ್ಲಿ ಚಳವಳಿಗಾರ ಆ್ಯಬಿ ಹಾಫ್‌ಮನ್ ಅಮೆರಿಕದ ಧ್ವಜದ ಚಿತ್ತಾರವಿದ್ದ ಅಂಗಿ ತೊಟ್ಟು ಬಂದು ಕೂತ. ಹೆದರಿದ ವಾಹಿನಿ ಪ್ರಸಾರದ ಹೊತ್ತಿಗೆ ಪರದೆಯಲ್ಲಿ ಆತನಿದ್ದ ಅರ್ಧವನ್ನೇ ಅಳಿಸಿಹಾಕಿತು. ಗ್ರಿಫಿನ್ ಒಂದು ಕಡೆ ಕೂತು ತಲೆದೂಗುತ್ತಿದ್ದಾನೆ, ಇನ್ನೊಂದು ಕಡೆ ಖಾಲಿ ಬಣ್ಣ ಮಾತಾಡುತ್ತಿದೆ! ಅಂಗಿಯಿಂದ ದೇಶಕ್ಕೆ ಅಪಾಯ, ಮಾತಿನಿಂದ ಪರವಾಗಿಲ್ಲ. ಮಾತನ್ನು ಯಾರು ಕೇಳುತ್ತಾರೆ ಎನ್ನುವುದು ವಾಹಿನಿಗೆ ಚೆನ್ನಾಗಿ ಗೊತ್ತಿತ್ತು. ಗ್ರಿಫಿನ್ ಏನು ಮಾಡಿದ? ರಾಜೀನಾಮೆ ಬಿಸಾಕಿ ವೀರನಾಗಲಿಲ್ಲ. ಗುಟ್ಟಾಗಿ ಮೆಟ್ರೊಮೀಡಿಯಾ ಎಂಬ ಇನ್ನೊಂದು ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು, ಸಿಬಿಎಸ್ ತಾನಾಗಿ ಕಿತ್ತುಹಾಕಲಿ ಎಂದು ಕಾದ. 1972ರಲ್ಲಿ ಅವರು ಕಿತ್ತರು, ಮರುತಿಂಗಳೇ ಈತ ಹೊಸ ಅಂಗಡಿಯಲ್ಲಿ ಕೂತಿದ್ದ. ಹುತಾತ್ಮನಾಗಲಿಕ್ಕೂ ವಕೀಲರ ಸಲಹೆ ಪಡೆದ ಜಾಣ.

ಇಷ್ಟೆಲ್ಲ ಪಾಡು ಮಾತಿನದು. ದುಡ್ಡು ಬಂದದ್ದು ಬೇರೆ ದಾರಿಯಲ್ಲಿ, ಅದೂ ಹೆಂಡತಿಯ ತಲೆಯಿಂದ. 1950ರ ದಶಕದಲ್ಲಿ ಅಮೆರಿಕದ ಕ್ವಿಜ್ ಶೋಗಳು ಸ್ಪರ್ಧಿಗಳಿಗೆ ಮೊದಲೇ ಉತ್ತರ ಹೇಳಿಕೊಟ್ಟು ಸಿಕ್ಕಿಬಿದ್ದಿದ್ದವು. 1959ರಲ್ಲಿ ಚಾರ್ಲ್ಸ್ ವಾನ್ ಡೊರೆನ್ ಎಂಬ ಮೇಷ್ಟ್ರು ಸಂಸತ್ತಿನ ಸಮಿತಿಯ ಮುಂದೆ ತಪ್ಪೊಪ್ಪಿಕೊಂಡ ಮೇಲೆ ಕ್ವಿಜ್ ಎಂದರೆ ವಾಹಿನಿಗಳು ಮೂಗು ಮುಚ್ಚಿಕೊಳ್ಳುತ್ತಿದ್ದವು. ವಿಮಾನದಲ್ಲಿ ಹೋಗುವಾಗ ಗ್ರಿಫಿನ್ ಈ ಗೋಳು ತೋಡಿಕೊಂಡರೆ ಹೆಂಡತಿ ಜೂಲಾನ್, ಹಾಗಾದರೆ ಉತ್ತರವನ್ನು ಎಲ್ಲರೆದುರೇ ಕೊಟ್ಟುಬಿಡಿ ಎಂದಳಂತೆ. ಹಾಗೆ ಮಾಡಿದರೆ ಜೈಲೇ ಗತಿ ಎಂದ ಈತ. "5,280" ಎಂದಳು ಆಕೆ. "ಒಂದು ಮೈಲಿಗೆ ಎಷ್ಟು ಅಡಿ?" ಎಂದ ಗಂಡ. 'ಜೆಪರ್ಡಿ!' ಹುಟ್ಟಿತು. 1964ರ ಮಾರ್ಚ್ 30ರಿಂದ ಪ್ರಸಾರ. ನಿರೂಪಕ ಉತ್ತರ ಹೇಳಬೇಕು, ಸ್ಪರ್ಧಿ ಅದಕ್ಕೆ ತಕ್ಕ ಪ್ರಶ್ನೆ ಹೊಂದಿಸಬೇಕು. ನಿನ್ನೆ ಅಪರಾಧವಾಗಿದ್ದದ್ದು ಇಂದು ಆಟದ ನಿಯಮ.

ಟಿವಿಯ ಜಾತಕ ಬರೆದದ್ದು ಆ ದಿನವೇ. ನಮ್ಮ ಮನೆಗಳಲ್ಲಿ ರಾತ್ರಿ ಒಂಬತ್ತಕ್ಕೆ ನಡೆಯುವ ಚರ್ಚೆ ನೋಡಿ. ಉತ್ತರ ಸಂಜೆ ಆರಕ್ಕೇ ಪರದೆಯ ಕೆಳಗೆ ಕೆಂಪಕ್ಷರದಲ್ಲಿ ಓಡುತ್ತಿರುತ್ತದೆ. ಆರು ಕಿಟಕಿಗಳಲ್ಲಿ ಕೂತ ಆರು ಜನ ಅದಕ್ಕೆ ಹೊಂದುವ ಪ್ರಶ್ನೆಯನ್ನು ಒಬ್ಬರ ಮೇಲೊಬ್ಬರು ಕಿರುಚಿ ಹುಡುಕುತ್ತಾರೆ. ಒಂದೇ ವ್ಯತ್ಯಾಸ: ಜೆಪರ್ಡಿಯಲ್ಲಿ ತಪ್ಪು ಹೇಳಿದರೆ ದುಡ್ಡು ಕಳೆಯುತ್ತದೆ.

ಆ ಆಟದ ಕೊನೆಯ ಸುತ್ತಿನಲ್ಲಿ ಸ್ಪರ್ಧಿಗಳು ಮೂವತ್ತು ಸೆಕೆಂಡು ಯೋಚಿಸಬೇಕು. ಟಿವಿಯಲ್ಲಿ ಯೋಚನೆಗೆ ಜಾಗವಿಲ್ಲವಲ್ಲ, ಆ ನಿಶ್ಶಬ್ದವನ್ನು ಯಾವುದರಿಂದಲಾದರೂ ತುಂಬಬೇಕು. ಗ್ರಿಫಿನ್ ಮಗನಿಗೆಂದು ಕಟ್ಟಿದ್ದ ಜೋಗುಳದ ರಾಗವೊಂದನ್ನು ತುರುಕಿದ. ಕಟ್ಟಲು ಹಿಡಿದದ್ದು ಒಂದು ನಿಮಿಷಕ್ಕೂ ಕಡಿಮೆ ಎಂದು ಆತನೇ ಹೇಳಿಕೊಂಡಿದ್ದಾನೆ. ಬಂದ ರಾಯಲ್ಟಿ, ಆತನದೇ ಲೆಕ್ಕದ ಪ್ರಕಾರ, 7 ಕೋಟಿ ಡಾಲರಿಗೂ ಹೆಚ್ಚು! ಇಪ್ಪತ್ತು ವರ್ಷ ಮಾತಾಡಿ ಮಾತಾಡಿ ಗಂಟಲು ಒಣಗಿಸಿಕೊಂಡವನಿಗೆ ಇತರರು ಸುಮ್ಮನಿದ್ದ ಅರ್ಧ ನಿಮಿಷ ಅನ್ನ ಹಾಕಿತು.

1975ರಲ್ಲಿ 'ವೀಲ್ ಆಫ್ ಫಾರ್ಚೂನ್' ಬಂತು. ಮಕ್ಕಳು ಕಾಗದದ ಮೇಲೆ ಆಡುವ ಪದ ಊಹಿಸುವ ಆಟಕ್ಕೆ ಒಂದು ಚಕ್ರ ಜೋಡಿಸಿದ್ದು. ವ್ಯಂಜನ ಊಹಿಸಿದರೆ ದುಡ್ಡು ಸಿಗುತ್ತದೆ, ಸ್ವರ ಬೇಕಾದರೆ 250 ಡಾಲರ್ ತೆತ್ತು ಕೊಳ್ಳಬೇಕು. ಇಂಗ್ಲಿಷಿನಲ್ಲಿ ಐದೇ ಸ್ವರ, ಬದುಕಿದರು; ಕನ್ನಡದಲ್ಲಿ ಈ ಆಟ ಬಂದಿದ್ದರೆ ದೀರ್ಘಕ್ಕೆ ಡಬಲ್ ದರ, ಒತ್ತಕ್ಷರಕ್ಕೆ ಜಿಎಸ್‌ಟಿ ಹಾಕಿ ಬಡವರು ಮೂಕರಾಗುತ್ತಿದ್ದರು. ಅಕ್ಷರ ತಿರುಗಿಸಲು 1982ರಲ್ಲಿ ವ್ಯಾನಾ ವೈಟ್ ಸೇರಿದಳು. 1997ರಿಂದ ಫಲಕ ಎಲೆಕ್ಟ್ರಾನಿಕ್ ಆಯಿತು, ತಿರುಗಿಸಲಿಕ್ಕೆ ಏನೂ ಉಳಿಯಲಿಲ್ಲ. ಆಕೆಯ ಕೆಲಸಕ್ಕೆ ಏನೂ ಧಕ್ಕೆಯಾಗಲಿಲ್ಲ. ನಮ್ಮ ಕೆಲವು ಇಲಾಖೆಗಳಿಗೆ ಇದು ಹೊಸ ವಿಷಯವೇನಲ್ಲ. 1986ರಲ್ಲಿ ಗ್ರಿಫಿನ್ ತನ್ನ ಕಂಪನಿಯನ್ನು ಕೋಕಾ-ಕೋಲಾಕ್ಕೆ 25 ಕೋಟಿ ಡಾಲರಿಗೆ ಮಾರಿದ. ಜ್ಞಾನವೂ ಅಕ್ಷರವೂ ಸೋಡಾ ಮಾರುವವರ ಪಾಲಾದವು. ಟಾಕ್ ಶೋ ಅದೇ ವರ್ಷ ಕಣ್ಣುಮುಚ್ಚಿತು.

ಮೌನದ ಬೆಲೆ ಗೊತ್ತಿದ್ದ ಇನ್ನೊಬ್ಬರೂ ಆ ಸೋಫಾದ ಮೇಲೆ ಕೂತಿದ್ದರು: ಭಾರತದಿಂದ ಹೋದ ಮಹರ್ಷಿ ಮಹೇಶ್ ಯೋಗಿ. ಟೆನಿಸ್ ಗೆಳೆಯ, ನಟ ಕ್ಲಿಂಟ್ ಈಸ್ಟ್‌ವುಡ್‌ನಿಂದ ಧ್ಯಾನದ ರುಚಿ ಹತ್ತಿಸಿಕೊಂಡ ಗ್ರಿಫಿನ್ 1975ರಲ್ಲಿ ಅವರನ್ನು ಕರೆಸಿದ. ಕಾರ್ಯಕ್ರಮ ನೋಡಿದ ಅಮೆರಿಕನ್ನರು ಧ್ಯಾನ ಕಲಿಯಲು ಶುಲ್ಕ ಹಿಡಿದು ಸಾಲುಗಟ್ಟಿದರು. ಆ ಅಬ್ಬರಕ್ಕೆ ಅನುಯಾಯಿಗಳು 'ಮರ್ವ್ ಅಲೆ' ಎಂದೇ ಹೆಸರಿಟ್ಟರು. ಇಬ್ಬರೂ ಜನರನ್ನು ಸುಮ್ಮನೆ ಕೂರಿಸಿ ಸಂಪಾದಿಸಿದವರು. ನಡುನಡುವೆ ಜಾಹೀರಾತು ಹಾಕುವ ಉಪಾಯ ಮಾತ್ರ ಮಹರ್ಷಿಗಳಿಗೆ ಹೊಳೆಯಲಿಲ್ಲ.

1988ರಲ್ಲಿ ಗ್ರಿಫಿನ್ ಡೊನಾಲ್ಡ್ ಟ್ರಂಪ್ ಜೊತೆ ಗುದ್ದಾಡಿ ರೆಸಾರ್ಟ್ಸ್ ಇಂಟರ್‌ನ್ಯಾಷನಲ್ ಎಂಬ ಕ್ಯಾಸಿನೊ ಕಂಪನಿ ಕೊಂಡ. ಅರ್ಧ ಕಟ್ಟಿದ್ದ 'ತಾಜ್ ಮಹಲ್' ಕ್ಯಾಸಿನೊವನ್ನು ಟ್ರಂಪ್ ಇಟ್ಟುಕೊಂಡ. ಮರುವರ್ಷ ಗ್ರಿಫಿನ್‌ನ ಕಂಪನಿ ದಿವಾಳಿ ಅರ್ಜಿ ಹಾಕಿತು, 1991ರಲ್ಲಿ ಟ್ರಂಪನ ತಾಜ್ ಮಹಲ್ ಹಾಕಿತು. ಜೆಪರ್ಡಿಯ ಮಾದರಿಯಲ್ಲಿ ಹೇಳುವುದಾದರೆ, ಉತ್ತರ: ವಕೀಲರು. ಪ್ರಶ್ನೆ: ಈ ಜಗಳದಲ್ಲಿ ಗೆದ್ದವರು ಯಾರು?

2007ರ ಆಗಸ್ಟ್ 12ರಂದು ಗ್ರಿಫಿನ್ ತೀರಿಕೊಂಡ. ಲಾಸ್ ಏಂಜಲಿಸ್‌ನ ವೆಸ್ಟ್‌ವುಡ್ ಸ್ಮಶಾನದಲ್ಲಿರುವ ಸಮಾಧಿಯ ಮೇಲೆ, ಈ ಜಾಹೀರಾತಿನ ನಂತರ ನಾನು ಮರಳಿ ಬರುವುದಿಲ್ಲ ಎಂಬ ಅರ್ಥದ ಸಾಲು ಕೆತ್ತಿದೆ. ಜೀವಮಾನದಲ್ಲಿ ವೀಕ್ಷಕರಿಗೆ ಕೊಟ್ಟ ಏಕೈಕ ಪ್ರಾಮಾಣಿಕ ಬ್ರೇಕ್. ಅದನ್ನೂ ಉಳಿಸಿಕೊಳ್ಳಲಾಗಲಿಲ್ಲ. ಆತನೇ ಸಿದ್ಧಪಡಿಸಿದ್ದ ಪದಬಂಧದ ಆಟ ಸೆಪ್ಟೆಂಬರ್ 10ರಂದು, ಸತ್ತು ತಿಂಗಳು ತುಂಬುವ ಮೊದಲೇ, 'ಮರ್ವ್ ಗ್ರಿಫಿನ್ಸ್ ಕ್ರಾಸ್‌ವರ್ಡ್ಸ್' ಎಂಬ ಹೆಸರಿನಲ್ಲಿ ಪ್ರಸಾರವಾಯಿತು, ಜಾಹೀರಾತು ಸಮೇತ.