ತಂತಿ ತೆಗೆಯುವವರು ಬೇಕಾಗಿದ್ದಾರೆ

‘ಟೆಲಿಕಾಂ ಮಲ್ಟಿಮೀಡಿಯಾ ನೆಟ್‌ವರ್ಕ್ ಮೂಲಸೌಕರ್ಯ: ಮಾರುಕಟ್ಟೆಯ ಬೆಳವಣಿಗೆ ಮತ್ತು ಸವಾಲುಗಳು’ ಎಂಬಂಥ ಹೆಸರಿನ ವರದಿಗಳನ್ನು ವರ್ಷಾವರ್ಷ ಹೊರತರುವ ಸಮಸ್ತ ಮಹನೀಯರಿಗೆ, ಚೆನ್ನೈನ ನುಂಗಂಬಾಕ್ಕಂನಿಂದ ಅಪಾರ್ಟ್‌ಮೆಂಟ್ ಸಂಘವೊಂದರ ಕಾರ್ಯದರ್ಶಿ ಮಾಡುವ ನಮಸ್ಕಾರಗಳು.

ಇತ್ತ ಕ್ಷೇಮ. ಅತ್ತಲಿನ ಕ್ಷೇಮ ವಿಚಾರಿಸುವ ಅಗತ್ಯವೇನೂ ಕಾಣುವುದಿಲ್ಲ. ನಿಮ್ಮ ಗ್ರಾಫಿನ ಗೆರೆ ಕೆಳಗಿಳಿದದ್ದನ್ನು ಇದುವರೆಗೆ ಯಾರೂ ಕಂಡಿಲ್ಲ.

ನಿಮ್ಮ ವರದಿಯನ್ನು ಪೂರ್ತಿ ಓದುವ ಭಾಗ್ಯ ನನಗಿಲ್ಲ. ಅದಕ್ಕೆ ಸಾವಿರಾರು ಡಾಲರ್ ಬೆಲೆ. ಲಿಫ್ಟು, ನೀರಿನ ಟ್ಯಾಂಕರು, ವಾಚ್‌ಮನ್ ಸಂಬಳ ಎಲ್ಲ ಕಳೆದು ನಮ್ಮ ಸಂಘದಲ್ಲಿ ಉಳಿಯುವ ದುಡ್ಡಿಗೆ ಅದರ ರಕ್ಷಾಪುಟ ಬಂದರೆ ಹೆಚ್ಚು. ಪುಕ್ಕಟೆ ಸಿಗುವುದು ಪರಿವಿಡಿ ಮಾತ್ರ. ಅದಕ್ಕೂ ಫೋನ್ ನಂಬರ್ ಕೊಡಬೇಕು, ಕೊಟ್ಟ ಮೇಲೆ ನಿಮ್ಮ ಕಡೆಯವರ ಫೋನು ತಪ್ಪುವುದಿಲ್ಲ. ಪರಿವಿಡಿಯಿಂದ ನನಗೆ ತಿಳಿದದ್ದು ಇಷ್ಟು: ಬೆಳವಣಿಗೆಗೆ ಅಧ್ಯಾಯದ ಮೇಲೆ ಅಧ್ಯಾಯ, ಸವಾಲುಗಳಿಗೆ ಎರಡೇ ಪುಟ. ನಾವು ವಾಸವಾಗಿರುವುದು ಆ ಎರಡು ಪುಟಗಳಲ್ಲಿ. ಅದಕ್ಕೇ ಈ ಪತ್ರ.

ನಮ್ಮ ಪೇಟೆಯನ್ನು ನೀವು ‘ಏಷ್ಯಾ ಪೆಸಿಫಿಕ್’ ಎಂಬ ಊರಿಗೆ ಸೇರಿಸಿದ್ದೀರಿ, ಸಂತೋಷ. ಇಲ್ಲಿನವರಿಗೆ ಅದು ನುಂಗಂಬಾಕ್ಕಂ. ಮಳೆ ಬಂದ ದಿನ ಟಿವಿಯವರು ಮೀನಂಬಾಕ್ಕಂ ಜೊತೆಗೆ ಹೆಸರು ಹೇಳುತ್ತಾರಲ್ಲ, ಅದೇ. ಕಾಲೇಜ್ ರಸ್ತೆಯ ಹವಾಮಾನ ಕೇಂದ್ರದ ಆವರಣದಲ್ಲಿ ಹಳೆಯ ಮದ್ರಾಸ್ ವೀಕ್ಷಣಾಲಯದ ಗ್ರಾನೈಟ್ ಕಂಬ ಇನ್ನೂ ನಿಂತಿದೆ. ಈಸ್ಟ್ ಇಂಡಿಯಾ ಕಂಪನಿ ಅದನ್ನು ಕಟ್ಟಿಸಿದ್ದು 1792ರಲ್ಲಿ. ಹತ್ತೊಂಬತ್ತನೇ ಶತಮಾನದಲ್ಲಿ ದೇಶದ ರೈಲುಗಳು ಓಡುತ್ತಿದ್ದದ್ದು ‘ಮದ್ರಾಸ್ ಟೈಮ್’ ನೋಡಿಕೊಂಡು. ಆ ಟೈಮು ಇಲ್ಲಿಂದ ಟೆಲಿಗ್ರಾಫ್ ತಂತಿಯಲ್ಲಿ ಹೋಗುತ್ತಿತ್ತು. ಹಾಗೆ ಊರಿಗೆಲ್ಲ ಗಂಟೆ ಹೇಳಿದ ಪೇಟೆಯಲ್ಲಿ ಈಗ ಬ್ಯಾಂಕಿನ ಒಟಿಪಿ ಬಂದು ತಲುಪುವುದು ಅದರ ಅವಧಿ ಮುಗಿದ ಮೇಲೆ. ಈ ಪ್ರಗತಿಯ ಶೇಕಡಾವಾರು ದರ ಎಷ್ಟೆಂದು ದಯವಿಟ್ಟು ಲೆಕ್ಕ ಹಾಕಿ ತಿಳಿಸಿ.

ನಿಮ್ಮ ಮಾರುಕಟ್ಟೆಯ ಇತಿಹಾಸ ಬೇಕಿದ್ದರೆ ಡಾಲರ್ ಖರ್ಚಿಲ್ಲದೆ ನೋಡಬಹುದು, ನಮ್ಮ ಕಟ್ಟಡದ ಹಿಂದಿನ ಗೋಡೆಗೆ ಬನ್ನಿ. ಎಲ್ಲಕ್ಕಿಂತ ಒಳಗೆ, ಗೋಡೆಗೆ ಅಂಟಿಕೊಂಡಂತೆ, ಲ್ಯಾಂಡ್‌ಲೈನ್ ಕಾಲದ ಕಪ್ಪು ಜೋಡಿ ವೈರು. ಅದರ ತುದಿಯ ತಗಡಿನ ಡಬ್ಬಿಗೆ ಮುಚ್ಚಳವಿಲ್ಲ, ಒಳಗೆ ಹಲ್ಲಿಯ ಸಂಸಾರ. ಅದರ ಮೇಲೆ ತೊಂಬತ್ತರ ದಶಕದ ದಪ್ಪ ಕೇಬಲ್ ಟಿವಿ ವೈರು. ಅದರ ಮೇಲೆ ತಾರಸಿಯ ಡಿಶ್‌ಗಳಿಂದ ಇಳಿದ ಬಿಳಿ ವೈರುಗಳು. ಕೆಲವಕ್ಕೆ ಮೇಲೆ ಡಿಶ್ ಇಲ್ಲ, ಕೆಲವಕ್ಕೆ ಕೆಳಗೆ ಟಿವಿ ಇಲ್ಲ. ಆಮೇಲೆ ಬ್ರಾಡ್‌ಬ್ಯಾಂಡ್‌ನ ನೀಲಿ ವೈರು. ಎಲ್ಲಕ್ಕಿಂತ ಹೊರಗೆ, ಈಚಿನ ಫೈಬರ್. ಇವುಗಳಲ್ಲಿ ಯಾವುದಕ್ಕೆ ಜೀವವಿದೆ, ಯಾವುದು ಸತ್ತಿದೆ ಎಂದು ಹೇಳಬಲ್ಲವರು ಈ ಪೇಟೆಯಲ್ಲಿ ಯಾರೂ ಇಲ್ಲ. ಕಳೆದ ಸಲ ಸುಣ್ಣಬಣ್ಣ ಮಾಡಿಸಿದಾಗ ಪೇಂಟರ್ ಕೇಳಿದ, ಬೇಡದ್ದನ್ನು ಕತ್ತರಿಸಲೇ ಎಂದು. ಎಲ್ಲರೂ ಬಾಲ್ಕನಿಗೆ ಬಂದು ತಂತಮ್ಮ ವೈರಿನ ಪರ ವಾದಿಸಿದರು. ಕೊನೆಗೆ ಆತ ಎಲ್ಲದರ ಮೇಲೂ ಬಣ್ಣ ಬಳಿದು ಹೋದ. ಈಗ ನಮ್ಮಲ್ಲಿ ಮೂರು ದಶಕದ ತಂತ್ರಜ್ಞಾನವೆಲ್ಲ ಒಂದೇ ತಿಳಿಹಳದಿ.

ಟಿವಿ ವೈರಿನ ಕತೆಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು, ಏಕೆಂದರೆ ಚೆನ್ನೈಯಷ್ಟು ಪ್ರಯೋಗಕ್ಕೆ ಒಳಗಾದ ಊರು ನಿಮ್ಮ ವರದಿಯಲ್ಲಿ ಇನ್ನೊಂದು ಇರಲಾರದು. 2003ರ ಸೆಪ್ಟೆಂಬರ್ 1ರಂದು ನಾಲ್ಕೂ ಮಹಾನಗರಗಳಲ್ಲಿ ಕೇಬಲ್ ಟಿವಿಗೆ ‘ಕ್ಯಾಸ್’ ಎಂಬ ಪದ್ಧತಿ ಜಾರಿಯಾಗಬೇಕಿತ್ತು. ದುಡ್ಡಿನ ಚಾನೆಲ್ ಬೇಕಾದವರು ಸಾವಿರಾರು ರೂಪಾಯಿಯ ಸೆಟ್‌ಟಾಪ್ ಬಾಕ್ಸ್ ಇಟ್ಟುಕೊಳ್ಳಬೇಕು, ಬೇಡದವರಿಗೆ 72 ರೂಪಾಯಿಗೆ ಉಚಿತ ಚಾನೆಲ್‌ಗಳು. ದಿಲ್ಲಿ, ಮುಂಬೈ, ಕೋಲ್ಕತ್ತಾ ಒಂದೊಂದು ನೆವ ಹೇಳಿ ಜಾರಿಕೊಂಡವು. ಸಿಕ್ಕಿಬಿದ್ದದ್ದು ನಾವೊಬ್ಬರೇ. ಹೆಚ್ಚಿನ ಮನೆಗಳವರು ಪೆಟ್ಟಿಗೆ ಕೊಳ್ಳುವ ಗೋಜಿಗೇ ಹೋಗಲಿಲ್ಲ. ಕೊಂಡ ಬುದ್ಧಿವಂತರಲ್ಲಿ ನಮ್ಮ ಮನೆಯವರೂ ಒಬ್ಬರು. ಆ ಪೆಟ್ಟಿಗೆ ಅಟ್ಟದಲ್ಲಿ ಇಂದಿಗೂ ಗಟ್ಟಿಮುಟ್ಟಾಗಿದೆ. 2006ರಲ್ಲಿ ರಾಜ್ಯ ಸರ್ಕಾರ ಬಣ್ಣದ ಟಿವಿಯನ್ನೇ ಪುಕ್ಕಟೆ ಹಂಚತೊಡಗಿತು. ಟಿವಿ ಪುಕ್ಕಟೆ, ಅದರ ವೈರಿಗೆ ಮಾತ್ರ ತಿಂಗಳ ಬಾಡಿಗೆ. ಆ ಬಾಡಿಗೆಯನ್ನೂ ಆಮೇಲೆ ಸರ್ಕಾರದ್ದೇ ಅರಸು ಕೇಬಲ್ 70 ರೂಪಾಯಿಗೆ ಇಳಿಸಿತು. 2012ರ ಅಕ್ಟೋಬರ್ 31ಕ್ಕೆ ಮಹಾನಗರಗಳೆಲ್ಲ ಡಿಜಿಟಲ್ ಆಗಬೇಕೆಂದು ಮತ್ತೆ ಅಪ್ಪಣೆಯಾಯಿತು. ಈ ಸಲ ಕೋರ್ಟು ಕಚೇರಿ ಎಂದು ಹಿಂದೆ ಉಳಿದವರು ನಾವು. ಅರಸುವಿಗೆ ಡಿಜಿಟಲ್ ಪರವಾನಗಿ ಸಿಕ್ಕಿದ್ದು 2017ರಲ್ಲಿ. ಆಗ ಇನ್ನೊಂದು ಪೆಟ್ಟಿಗೆ. ಒಬ್ಬರ ಪೆಟ್ಟಿಗೆ ಇನ್ನೊಬ್ಬರ ವೈರಿಗೆ ಹೊಂದುವುದಿಲ್ಲವಾದ್ದರಿಂದ, ಆಪರೇಟರ್ ಬದಲಾಯಿಸಿದಾಗ ಮತ್ತೊಂದು. ಬಾಕ್ಸ್‌ಗಳು ಎಲ್ಲರಿಗೂ ಹೊಂದುವಂತಿರಲಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2020ರಲ್ಲಿ ಶಿಫಾರಸು ಮಾಡಿತಂತೆ. ನಮ್ಮ ಅಟ್ಟಕ್ಕೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

2019ರಲ್ಲಿ ‘ಬೇಕಾದ ಚಾನೆಲ್‌ಗೆ ಮಾತ್ರ ದುಡ್ಡು’ ಎಂಬ ಹೊಸ ನಿಯಮ ಬಂತು. ಮೊದಲ ನೂರು ಚಾನೆಲ್‌ಗೆ ಆಗ 130 ರೂಪಾಯಿ, ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಬೇಕಾದ್ದು ಅದರ ಮೇಲೆ. ನಮ್ಮ ಅತ್ತೆಯವರಿಗೆ ಬೇಕಾದ್ದು ಕನ್ನಡದ ನಾಲ್ಕು ಧಾರಾವಾಹಿ. ಕನ್ನಡದ ಮೊದಲ ಖಾಸಗಿ ಉಪಗ್ರಹ ವಾಹಿನಿ ಉದಯ ಟಿವಿ 1994ರಲ್ಲಿ ಹುಟ್ಟಿದ್ದು ಇದೇ ಚೆನ್ನೈನ ಸನ್ ಸಮೂಹದಿಂದ. ಇಲ್ಲಿಂದ ಆಕಾಶಕ್ಕೆ ಹೋಗಿ ಕರ್ನಾಟಕಕ್ಕೆಲ್ಲ ಇಳಿದ ಕನ್ನಡ, ನುಂಗಂಬಾಕ್ಕಂಗೆ ಇಳಿಯಬೇಕಾದರೆ ಮಾತ್ರ ಫಾರಂ ತುಂಬಿ ಪ್ರತ್ಯೇಕ ದುಡ್ಡು ಕಟ್ಟಬೇಕು. ‘ನಂಗೆ ಬೇಡದ ನೂರು ಚಾನೆಲ್ ಯಾಕಮ್ಮ ಕೊಟ್ಟಿದ್ದಾರೆ?’ ಎಂದು ಅತ್ತೆಯವರು ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ. ನಿಮ್ಮ ಪರಿವಿಡಿಯಲ್ಲಿ ‘ಗ್ರಾಹಕರ ಆಯ್ಕೆಯ ವಿಸ್ತಾರ’ ಎಂಬ ಅಧ್ಯಾಯ ಕಂಡೆ. ಅದು ಇದೇ ಇರಬೇಕು.

ಈಗ ಅತ್ತೆಯವರು ಧಾರಾವಾಹಿ ನೋಡುವುದು ಫೋನಿನಲ್ಲಿ, ಫೈಬರ್ ದಯೆಯಿಂದ. ಫೈಬರ್ ಎಂದರೆ ಸಾಮಾನ್ಯವಲ್ಲ. ಮೋಡೆಮ್ಮಿನಲ್ಲಿ ಕೆಂಪು ದೀಪ ಮಿನುಗತೊಡಗಿದ ದಿನ ಬಂದ ಹುಡುಗ ನಮ್ಮ ಮೆಟ್ಟಿಲ ಮೇಲೆ ಕೂತು ಮಾಡಿದ ಕೆಲಸವನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೇಲಿನ ಸಿಪ್ಪೆ ಸುಲಿದು, ಒಳಗಿನ ಗಾಜಿನ ಎಳೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಒಂದು ಪುಟ್ಟ ಕತ್ತರಿಯಂತ್ರದಲ್ಲಿಟ್ಟು ಟಿಕ್ ಎಂದು ತುದಿ ಕತ್ತರಿಸಿದ. ಬೆಳಕು ಓಡುವ ತಿರುಳು ಬರೀ 9 ಮೈಕ್ರಾನ್, ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲೂ ಇಲ್ಲ. ಸ್ಪ್ಲೈಸಿಂಗ್ ಮಷಿನ್ನಿನ ಪರದೆ ಮೇಲೆ ಎರಡು ತುದಿಗಳೂ ತಾವಾಗಿಯೇ ಸರಿದು ಎದುರುಬದುರು ನಿಂತವು, ಸಣ್ಣ ಕಿಡಿ, ಎರಡೂ ಒಂದಾದವು. ಹುಡುಗ ಉಸಿರು ಬಿಗಿಹಿಡಿದಿದ್ದ, ನಾನೂ. ಕೆಂಪು ದೀಪ ಆರಿತು. ಆಮೇಲೆ ಆತ ಉಳಿದ ಹತ್ತಿಪ್ಪತ್ತು ಅಡಿ ಕೇಬಲ್ಲನ್ನು ಸುರುಳಿ ಸುತ್ತಿ, ಕಾಂಪೌಂಡ್ ಹತ್ತಿ, ರಸ್ತೆಯ ಮಳೆಮರದ ಕೊಂಬೆಗೆ ನೇತುಹಾಕಿ, ಪ್ಲಾಸ್ಟಿಕ್ ದಾರದಲ್ಲಿ ಕಟ್ಟಿ ಇಳಿದ. ಮಾಂಗಲ್ಯವನ್ನು ಚಿನಿವಾರನ ಹತ್ತಿರ ತೂಕ ಹಾಕಿಸಿ ಮಾಡಿಸಿ, ಬಟ್ಟೆ ಒಣಗಿಸುವ ಹಗ್ಗಕ್ಕೆ ಪೋಣಿಸಿದ ಹಾಗೆ. ಹಳೆಯ ಕೇಬಲ್ ತೆಗೆಯುವುದಿಲ್ಲವೇನಪ್ಪ ಎಂದರೆ, ಅದು ನಮ್ಮದಲ್ಲ ಮೇಡಂ ಎಂದ. ಅದನ್ನು ಹಾಕಿದವನೂ ಅಂದು ಅದೇ ಮಾತು ಹೇಳಿದ್ದ.

ಮರವೇ ಯಾಕೆ ಎಂದು ನೀವು ಕೇಳಬಹುದು. ಚೆನ್ನೈನ ಹಳೆಯ ಬಡಾವಣೆಗಳಲ್ಲಿ ಕರೆಂಟು ಬಹುಪಾಲು ನೆಲದಡಿಯಲ್ಲೇ ಹೋಗುವುದರಿಂದ ಲೈಟ್ ಕಂಬಗಳು, ಮರಗಳು ಬಿಟ್ಟರೆ ಕೇಬಲ್ ಕಟ್ಟಲು ಬೇರೆ ಗತಿಯಿಲ್ಲ. ಜನರನ್ನು ಸುಡುವ ಕರೆಂಟು ನೆಲದೊಳಗಿದೆ, ಜನರನ್ನು ಸೇರಿಸುವ ಫೈಬರ್ ಕಾಗೆಗಳ ವಶದಲ್ಲಿದೆ. ಹಾಗೆಂದು ಚೆನ್ನೈ ಹಿಂದುಳಿದಿದೆ ಎಂದು ಬರೆದೀರಿ ಜೋಕೆ. ದೇಶಕ್ಕೆ ಬರುವ ಸಮುದ್ರದಡಿಯ ಕೇಬಲ್‌ಗಳಲ್ಲಿ ಮುಂಬೈ ಬಿಟ್ಟರೆ ನಾವೇ ಹೆಬ್ಬಾಗಿಲು. ಭಾರ್ತಿ ಮತ್ತು ಸಿಂಗ್‌ಟೆಲ್ ಕೂಡಿ ಸಿಂಗಾಪುರದಿಂದ ಎಳೆದದ್ದು 2002ರಿಂದ ಇದೆ. 2020ರ ಆಗಸ್ಟಿನಲ್ಲಿ ಇಲ್ಲಿಂದ ಅಂಡಮಾನಿಗೆ ಸುಮಾರು 2,300 ಕಿ.ಮೀ. ಕೇಬಲ್ ಉದ್ಘಾಟನೆಯಾಯಿತು, ಖರ್ಚು 1,224 ಕೋಟಿ. ಕಡಲಡಿಯಲ್ಲಿ ಅಷ್ಟು ದೂರ ನೆಟ್ಟಗೆ ಹೋಗಬಲ್ಲವರಿಗೆ ನಮ್ಮ ರಸ್ತೆಯ ಕೊನೆಯ ಐವತ್ತಡಿಗೆ ಮಳೆಮರ ಬೇಕಾಯಿತು. 2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಬಂದಾಗ ಊರಿನ ಸಾವಿರಾರು ಮರ ಉರುಳಿ, ಅವುಗಳ ಜೊತೆ ಇಂಟರ್ನೆಟ್ಟೂ ಮಲಗಿತು. ಮರ ಎತ್ತಿದವರು ಮರ ಎತ್ತಿದರು. ವೈರು ಎಲ್ಲಿ ಬಿದ್ದಿತ್ತೋ ಅಲ್ಲೇ ಉಳಿಯಿತು, ಅದರ ಪಕ್ಕದಲ್ಲಿ ಹೊಸದು ಬಂತು. ನಿಮ್ಮ ಲೆಕ್ಕದಲ್ಲಿ ಇದೂ ಬೇಡಿಕೆಯ ಹೆಚ್ಚಳವೇ.

ನೆಲದಡಿ ಹಾಕಬಹುದಲ್ಲ? ಹಾಕಿದ್ದಾರೆ. ಆದರೆ ನೆಲ ಅಗೆಯುವವರೂ ಇದ್ದಾರೆ. ಮೆಟ್ರೊ ಎರಡನೇ ಹಂತದ ಸುರಂಗ ಸ್ಟರ್ಲಿಂಗ್ ರಸ್ತೆ, ನುಂಗಂಬಾಕ್ಕಂ, ಜೆಮಿನಿ ಹಾದು ಹೋಗುತ್ತದೆ. ಚರಂಡಿಯವರು, ನೀರಿನವರು, ಕರೆಂಟಿನವರು ಸರದಿಯಲ್ಲಿ ಬರುತ್ತಾರೆ. ಹೇಳದೆ ಕೇಳದೆ ಅಗೆಯುವುದರಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ನಷ್ಟ ಎಂದು ಕೇಂದ್ರ ಸರ್ಕಾರವೇ ಹೇಳಿದೆ. ಅದಕ್ಕೆ ಮದ್ದಾಗಿ 2023ರ ಮಾರ್ಚಿನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಬಂತು. ಅಗೆಯುವ ಮೊದಲು ಫೋನ್ ಮಾಡಬೇಕು. ಒಳ್ಳೆಯ ಉಪಾಯ. ಅಗೆದ ಮೇಲೆ ಮಾಡೋಣವೆಂದರೆ ಫೋನ್ ಇರುವುದಿಲ್ಲ.

ಕಂಪನಿಗಳ ಮಾತನ್ನು ಬೇಗ ಮುಗಿಸುತ್ತೇನೆ, ಅವು ಬೇಗ ಮುಗಿದದ್ದರಿಂದ. ಮದ್ರಾಸಿಗೆ ಮೊದಲು ಮೊಬೈಲ್ ತಂದವರು ಸ್ಕೈಸೆಲ್ ಮತ್ತು ಆರ್‌ಪಿಜಿ. ಸ್ಕೈಸೆಲ್ಲನ್ನು ಭಾರ್ತಿ ಕೊಂಡಿತು, ಆರ್‌ಪಿಜಿಯನ್ನು ಏರ್‌ಸೆಲ್ ಕೊಂಡಿತು, ಏರ್‌ಸೆಲ್ 2018ರಲ್ಲಿ ದಿವಾಳಿಯಾಯಿತು. ಅದಕ್ಕೂ ಮೊದಲು, 2012ರಲ್ಲಿ, ಸುಪ್ರೀಂ ಕೋರ್ಟ್ 122 ಪರವಾನಗಿಗಳನ್ನು ಒಂದೇ ಏಟಿಗೆ ರದ್ದು ಮಾಡಿತ್ತು. 2016ರಲ್ಲಿ ಜಿಯೋ ಬಂತು, ಉಳಿದ ಸಣ್ಣವರು ಹೋದರು. ಈಗ ಇರುವುದು ಖಾಸಗಿಯವರು ಮೂವರು, ಜೊತೆಗೆ ಬಿಎಸ್‌ಎನ್‌ಎಲ್. ಆ ಮೂವರಲ್ಲೂ ಒಬ್ಬರ ಬಾಕಿಯನ್ನು ಷೇರಾಗಿ ಬದಲಿಸಿಕೊಂಡು ಸರ್ಕಾರವೇ ಅರ್ಧದ ಹತ್ತಿರದ ಪಾಲುದಾರನಾಗಿದೆ. ಮಾರುಕಟ್ಟೆ ಬೆಳೆದಷ್ಟೂ ಅಂಗಡಿ ಕಡಿಮೆಯಾಗುವ ಈ ಚಮತ್ಕಾರವನ್ನು ನಿಮ್ಮ ‘ಸ್ಪರ್ಧಾ ಚಿತ್ರಣ’ದಲ್ಲಿ ಹೇಗೆ ವರ್ಣಿಸಿದ್ದೀರೋ ತಿಳಿಯುವ ಕುತೂಹಲವಿದೆ. ಆ ಪುಟ ಡಾಲರಿನ ಹಿಂದಿದೆ.

ನಮ್ಮ ಕಡೆಯ ತಪ್ಪೇ ಇಲ್ಲವೆಂದಲ್ಲ. ಹೋದ ಸರ್ವಸದಸ್ಯರ ಸಭೆಯಲ್ಲಿ ತಾರಸಿಯ ಮೇಲೆ ಟವರ್ ಬೇಡವೆಂದು ಎಲ್ಲರೂ ಕೈ ಎತ್ತಿದರು. 2012ರಿಂದ ನಮ್ಮಲ್ಲಿ ವಿಕಿರಣದ ಮಿತಿ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲು ಎಂದು ನಾನು ಓದಿ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ವಿಷಯ, ನೆಲಮಹಡಿಯಲ್ಲಿ ಸಿಗ್ನಲ್ ಸಿಗುತ್ತಿಲ್ಲವೆಂಬ ದೂರು. ಅದಕ್ಕೂ ಅವರೇ ಕೈ ಎತ್ತಿದರು. ಎರಡೂ ಠರಾವು ಸರ್ವಾನುಮತದಿಂದ ಪಾಸಾಗಿ ನನ್ನ ನಡಾವಳಿ ಪುಸ್ತಕದಲ್ಲಿ ಅಕ್ಕಪಕ್ಕದಲ್ಲಿವೆ. ಟವರನ್ನು ಎದುರಿನ ಕಟ್ಟಡದವರು ಹಾಕಿಸಿಕೊಂಡರೆ ಎರಡೂ ಜಾರಿಯಾಗುತ್ತವೆ. ಅವರ ಸಭೆಯೂ ಮುಗಿದಿದೆ. ಅವರು ನಮ್ಮ ಕಟ್ಟಡವನ್ನು ಸೂಚಿಸಿದ್ದಾರೆ.

ಹಾಗಾಗಿ ನನ್ನ ಬೇಡಿಕೆ ಚಿಕ್ಕದು. ಮುಂದಿನ ಆವೃತ್ತಿಯಲ್ಲಿ, ಹಾಕಿದ್ದೆಷ್ಟು ಎನ್ನುವ ಕಾಲಮಿನ ಪಕ್ಕದಲ್ಲಿ ತೆಗೆದದ್ದೆಷ್ಟು ಎಂಬ ಒಂದು ಕಾಲಮ್ ಸೇರಿಸಿ. ಎಲ್ಲ ವರ್ಷವೂ ಸೊನ್ನೆಯೇ ಬರುವುದರಿಂದ ನಿಮಗೆ ಸಂಶೋಧನೆಯ ಖರ್ಚೇನೂ ಇಲ್ಲ.

ಇಂತಿ ನಮಸ್ಕಾರಗಳೊಂದಿಗೆ,
ಕಾರ್ಯದರ್ಶಿ, ನುಂಗಂಬಾಕ್ಕಂ

ತಾ.ಕ.: ಇದನ್ನು ಬರೆದು ಮುಗಿಸುವಾಗ ಹೊಸ ಕಂಪನಿಯೊಂದರ ಹುಡುಗ ಟೇಪು ಹಿಡಿದು ಹಿಂದಿನ ಗೋಡೆ ಅಳೆಯಲು ಬಂದಿದ್ದ. ನಿನ್ನದೊಂದು ಹಾಕಬೇಕಾದರೆ ಸತ್ತವು ಎರಡನ್ನು ಕೀಳು ಎಂದೆ. ಕೀಳುವ ಕೆಲಸಕ್ಕೆ ತಮ್ಮ ವರ್ಕ್ ಆರ್ಡರಿನಲ್ಲಿ ರೇಟೇ ಇಲ್ಲ, ಬೇಕಾದರೆ ಕೊಟೇಶನ್ ಬರೆಸಿ ಕಳಿಸುತ್ತೇನೆ, ಯಾರ ಹೆಸರಿಗೆ ಎಂದು ಕೇಳಿದ. ನಿಮ್ಮ ವಿಳಾಸ ಕೊಟ್ಟಿದ್ದೇನೆ.