ಖಾಲಿ ಹೊಟ್ಟೆಯ ಬಸ್ಸು

ಸಿರುಗುಪ್ಪದಿಂದ ಬಳ್ಳಾರಿಗೆ ಹೊರಡುವ ಮುಂಜಾನೆಯ ಬಸ್ಸುಗಳಲ್ಲಿ ಯಾರು ಯಾವ ಕೆಲಸಕ್ಕೆ ಹೊರಟಿದ್ದಾರೆಂದು ಮುಖ ನೋಡಿಯೇ ಹೇಳಬಹುದು. ಕೋರ್ಟಿನವರು ಕಾಗದದ ಚೀಲವನ್ನು ಎದೆಗವಚಿಕೊಂಡಿರುತ್ತಾರೆ. ಕಾಲೇಜು ಹುಡುಗರು ಕಿವಿಗೆ ವೈರು ಸಿಕ್ಕಿಸಿಕೊಂಡು ನಿದ್ದೆ ಹೋಗಿರುತ್ತಾರೆ. ಇವರ ನಡುವೆ ಯಾರೊಂದಿಗೂ ಮಾತಾಡದೆ, ತೆಕ್ಕಲಕೋಟೆ ಬಂದಾಗ ಕಿಟಕಿಯಿಂದ ತೂರಿ ಬರುವ ಮಿರ್ಚಿಯ ವಾಸನೆಗೆ ಮುಖ ತಿರುಗಿಸಿ ಕೂತಿರುವವರು ಫಾಸ್ಟಿಂಗ್ ಶುಗರಿನವರು. ರಾತ್ರಿ ಉಂಡದ್ದೇ ಕೊನೆ. ಬೆಳಗಿನ ಚಹಾ ಕೂಡ ಇಲ್ಲ. ಏಕಾದಶಿಗೂ ಶಿವರಾತ್ರಿಗೂ ಒಪ್ಪತ್ತು ಬಿಡದವರು ಲ್ಯಾಬಿನ ಹುಡುಗ ಹೇಳಿದ ಉಪವಾಸವನ್ನು ಇಷ್ಟು ನಿಷ್ಠೆಯಿಂದ ಮಾಡುತ್ತಾರೆ.

ಕುರುಗೋಡಿನ ನಮ್ಮ ಸೋದರಮಾವ ಈ ವ್ರತದಲ್ಲಿ ಪಳಗಿದವರು. ರೊಟ್ಟಿ ತಿನ್ನುವವರಿಗೆ ಸಕ್ಕರೆ ಕಾಯಿಲೆ ಬರುವುದಿಲ್ಲ, ಅದೇನಿದ್ದರೂ ಸಿರುಗುಪ್ಪದ ಭತ್ತದ ಸೀಮೆಯವರಿಗೆ ಎಂಬುದು ಅವರ ಸಿದ್ಧಾಂತ. ಸಿದ್ಧಾಂತ ಕೈಕೊಟ್ಟ ಮೇಲೆ ಉಪಾಯ ಕಂಡುಕೊಂಡರು. ಪರೀಕ್ಷೆಗೆ ನಾಲ್ಕು ದಿನ ಮುಂಚೆ ಅನ್ನ ಬಿಡುವುದು, ಬೆಲ್ಲ ಮುಟ್ಟದಿರುವುದು, ದೊಡ್ಡಬಸವೇಶ್ವರನ ಗುಡಿಯವರೆಗೆ ನಡೆದು ಆಳೆತ್ತರವನ್ನೂ ಮೀರಿದ ಆ ನಂದಿಗೆ ಕೈಮುಗಿದು ಬರುವುದು. ಫಾಸ್ಟಿಂಗ್ 126ರ ಕೆಳಗೆ ಬಂದರೆ ಪಾಸಾದ ಹುಡುಗನ ಹಾಗೆ ಚೀಟಿಯನ್ನು ಓಣಿಗೆಲ್ಲ ತೋರಿಸುವರು. ಈ ಸುಖಕ್ಕೆ ಕಲ್ಲು ಹಾಕಿದ್ದು ಎಚ್‌ಬಿಎ1ಸಿ. ರಕ್ತದ ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನವೂ ಮೈಯಲ್ಲಿ ಓಡಾಡಿದ ಸಕ್ಕರೆ ಅದರ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತ ಹೋಗುತ್ತದೆ. ಜಾತ್ರೆಯ ಜಿಲೇಬಿ, ಮದುವೆ ಮನೆಯ ಹೋಳಿಗೆ, ಯಾರೂ ನೋಡಿಲ್ಲವೆಂದು ಬಾಯಿಗೆ ಹಾಕಿಕೊಂಡ ಫೇಡೆ ಎಲ್ಲ ಲೆಕ್ಕಕ್ಕೆ ಬಂತು. ಮಾವ ಚೀಟಿ ಮಡಚಿ ಜೇಬಿಗಿಟ್ಟು, “ಇದು ಪರೀಕ್ಷೆ ಅಲ್ಲಲೇ, ಚಾಡಿ” ಅಂದರು.

ಊಟವಾದ ಎರಡು ಗಂಟೆಯ ಮೇಲಿನ ಪರೀಕ್ಷೆಯದು ಬೇರೆಯೇ ಕಥೆ. ದಿನಾ ತಿನ್ನುವುದನ್ನೇ ತಿಂದು ಬನ್ನಿ ಎನ್ನುತ್ತಾರೆ ಡಾಕ್ಟರು. ಬಳ್ಳಾರಿಯವರು ದಿನಾ ತಿನ್ನುವುದೆಂದರೆ ಉಗ್ಗಾನಿ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಆದರೆ ಅವತ್ತು ಮಾತ್ರ ಗಾಂಧಿನಗರದ ಹೋಟೆಲಿನಲ್ಲಿ ಎಲ್ಲರೂ ಚಟ್ನಿಯಿಲ್ಲದ ಎರಡು ಇಡ್ಲಿ ಕೇಳುತ್ತಾರೆ. ಎರಡನೇ ಸಲ ರಕ್ತ ಕೊಟ್ಟು ಹತ್ತಿಯ ಉಂಡೆಯನ್ನು ಮೊಳಕೈಗೆ ಒತ್ತಿ ಹಿಡಿದುಕೊಂಡೇ ಬಂದು ಉಗ್ಗಾನಿಗೆ ಆರ್ಡರು ಕೊಡುತ್ತಾರೆ.

ಸಂಜೆಗೆ ರಿಪೋರ್ಟು. ನಮ್ಮ ಕಡೆ ಅದನ್ನು ಜಾತಕದ ಹಾಗೆಯೇ ಓದುವುದು: ಮೊದಲು ಹೆಸರು, ವಯಸ್ಸು ಸರಿಯಿದೆಯೇ ನೋಡಿ, ಆಮೇಲೆ ಯಾವ ಮನೆಯಲ್ಲಿ ದೋಷ ಎಂದು ಬೆರಳಾಡಿಸುವುದು. ದಪ್ಪಕ್ಷರದಲ್ಲಿ ಅಚ್ಚಾದ ಅಂಕಿ ಕಂಡರೆ ಮನೆಯಲ್ಲಿ ಅವತ್ತು ಒಲೆ ಹೊತ್ತುವುದು ತಡ. ಪಕ್ಕದಲ್ಲಿ ಇಷ್ಟರಿಂದ ಇಷ್ಟರವರೆಗೆ ಎಂದು ಬರೆದಿರುತ್ತದಲ್ಲ, ಆ ಗೆರೆಯನ್ನು ಸಾಮಾನ್ಯವಾಗಿ ಎಳೆಯುವುದೇ ನೂರು ಜನ ಆರೋಗ್ಯವಂತರಲ್ಲಿ 95 ಮಂದಿ ಒಳಗೆ ಬರುವ ಹಾಗೆ. ಮಿಕ್ಕ ಐವರು ಏನೂ ಆಗದೆಯೂ ಹೊರಗೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸಿದರೆ, ಕಲ್ಲುಗುಂಡಿನಂಥವನಿಗೂ ಒಂದಾದರೂ ದಪ್ಪಕ್ಷರ ಬರುವ ಸಾಧ್ಯತೆ ನೂರಕ್ಕೆ 60ಕ್ಕೂ ಮೇಲೆ. ಹಬ್ಬಕ್ಕೆ ರಿಯಾಯಿತಿ ದರದಲ್ಲಿ ಫುಲ್ ಬಾಡಿ ಚೆಕಪ್ ಮಾಡಿಸಿದವರು ಹಬ್ಬವನ್ನು ಯಾಕೆ ಸರಿಯಾಗಿ ಮಾಡುವುದಿಲ್ಲ ಎಂಬುದಕ್ಕೆ ಇಷ್ಟು ವಿವರಣೆ ಸಾಕು.

ಮಳೆ ಬಿದ್ದು ಡೆಂಗಿ ಶುರುವಾಯಿತೆಂದರೆ ಊರಿನ ಮಾತೆಲ್ಲ ಪ್ಲೇಟ್‌ಲೆಟ್ಟಿಗೆ ತಿರುಗುತ್ತದೆ. ಅದುವರೆಗೆ ಭತ್ತದ ದುಡ್ಡು ಬಂದಾಗ ಮಾತ್ರ ಲಕ್ಷದ ಸುದ್ದಿ ಆಡುತ್ತಿದ್ದ ಸಿರುಗುಪ್ಪದಲ್ಲಿ ಆಗ ಕೂಲಿಯವನೂ ಲಕ್ಷಾಧಿಪತಿ. “ನಿನ್ನೆ ಒಂದು ಲಕ್ಷ ಇಪ್ಪತ್ತು ಸಾವಿರ ಇತ್ತು, ಇವತ್ತು ತೊಂಬತ್ತಕ್ಕೆ ಇಳಿದೈತ್ರಿ.” ಪಪ್ಪಾಯಿ ಗಿಡವಿದ್ದ ಮನೆಯವರು ರಾತ್ರೋರಾತ್ರಿ ದೊಡ್ಡ ಮನುಷ್ಯರಾಗುತ್ತಾರೆ. ಜ್ವರ ಇಳಿಯುವ ಹೊತ್ತಿಗೇ ಪ್ಲೇಟ್‌ಲೆಟ್ ಕುಸಿಯುವುದು, ಆಮೇಲೆ ಹೆಚ್ಚಿನವರಲ್ಲಿ ತಾನಾಗಿಯೇ ಏರುವುದು ಡೆಂಗಿಯ ಗುಣ. ಏರುವ ದಿನ ಕುಡಿದ ಎಲೆಯ ರಸಕ್ಕೇ ಹೆಸರು ಬರುತ್ತದೆ. ಡ್ರಿಪ್ ಹಾಕಿ ರಾತ್ರಿಯೆಲ್ಲ ಕಾದ ಸಿಸ್ಟರಿಗೆ ಏನೂ ಇಲ್ಲ.

ಆದರೆ ನಮ್ಮ ಜಿಲ್ಲೆಯ ಪ್ರೀತಿಯ ಪರೀಕ್ಷೆ ವೈಡಾಲ್. ಪ್ಯಾರಿಸ್ಸಿನ ಫೆರ್ನಾಂಡ್ ವಿಡಾಲ್ 1896ರಲ್ಲಿ ಟೈಫಾಯಿಡ್ ರೋಗಿಯ ರಕ್ತರಸಕ್ಕೆ ಟೈಫಾಯಿಡ್ ರೋಗಾಣು ಬೆರೆಸಿ, ಅವು ಗುಂಪುಗಟ್ಟುವುದನ್ನು ನೋಡಿ ರೋಗ ಹೇಳುವ ದಾರಿ ತೋರಿಸಿದ. ಅವನನ್ನು ಅವನ ದೇಶದವರು ಎಷ್ಟು ನೆನೆಯುತ್ತಾರೋ ಕಾಣೆ, ನಮ್ಮಲ್ಲಿ ಮಾತ್ರ ಎರಡು ದಿನ ಜ್ವರ ಬಂದರೆ ಸಾಕು, ಅಜ್ಜಿಯೂ “ವೈಡಾಲ್ ಮಾಡ್ಸೀರೇನು?” ಎಂದೇ ಕೇಳುವುದು. ಟೈಫಾಯಿಡ್ ಓಡಾಡುವ ಸೀಮೆಯಲ್ಲಿ ಹಳೆಯ ಸೋಂಕಿನ ಗುರುತು ರಕ್ತದಲ್ಲಿ ಉಳಿದಿದ್ದರೂ ಅದು ಪಾಸಿಟಿವ್ ಎನ್ನುತ್ತದೆ. ನೆಚ್ಚಬೇಕಾದದ್ದು ಬ್ಲಡ್ ಕಲ್ಚರನ್ನು. ಅದಕ್ಕೆ ಕೆಲವು ದಿನ ಕಾಯಬೇಕು. ಕಾಯುವಷ್ಟು ತಾಳ್ಮೆ ಜ್ವರಕ್ಕೂ ಇಲ್ಲ, ಜ್ವರ ಬಂದವನ ಹೆಂಡತಿಗೂ ಇಲ್ಲ.

ಸೋಜಿಗವೆಂದರೆ, ಅದೇ 1896ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಆಲ್ಮ್ರೋತ್ ರೈಟ್ ಟೈಫಾಯಿಡಿಗೆ ಲಸಿಕೆಯನ್ನೂ ಸಿದ್ಧಪಡಿಸಿದ್ದ. ಎರಡು ವರ್ಷದೊಳಗೆ ಪ್ಲೇಗ್ ಆಯೋಗದ ಸದಸ್ಯನಾಗಿ ಹಿಂದೂಸ್ತಾನಕ್ಕೇ ಬಂದು ಸಾವಿರಾರು ಸಿಪಾಯಿಗಳಿಗೆ ಚುಚ್ಚಿಯೂ ಹೋದ. ಪರೀಕ್ಷೆ, ಲಸಿಕೆ ಎರಡೂ ಒಂದೇ ವಯಸ್ಸಿನವು. ಒಂದರ ಹೆಸರು ಕಾಲುವೆ ದಂಡೆಯ ಗುಡಿಸಲಿಗೂ ಗೊತ್ತು, ಇನ್ನೊಂದು ಇದೆಯೆಂದೇ ಬಹಳ ಮಂದಿಗೆ ಗೊತ್ತಿಲ್ಲ. ಹೈದರಾಬಾದಿನಲ್ಲಿ ತಯಾರಾಗುವ ಹೊಸ ಟೈಫಾಯಿಡ್ ಲಸಿಕೆಗೆ 2017ರ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮುದ್ರೆ ಬಿತ್ತು. ಹೈದರಾಬಾದಿನ ಬಿರಿಯಾನಿ, ಬಳೆ, ಸಿನಿಮಾ ಎಲ್ಲ ಬಳ್ಳಾರಿಗೆ ಬೇಗ ಬಂದವು. ಇದು ಮಾತ್ರ ಕ್ಲಿನಿಕ್ಕಿನ ಗೋಡೆಯ ಪಟ್ಟಿಯಲ್ಲಿ ಹೆಪಟೈಟಿಸ್, ಫ್ಲೂ, ನ್ಯುಮೋನಿಯಾಗಳ ಜೊತೆ ಸುಮ್ಮನೆ ನೇತಾಡುತ್ತಿದೆ.

ನಮ್ಮವರಿಗೆ ಸೂಜಿಯ ಭಯವೆಂದು ಹೇಳಬೇಡಿ. ಕಾಲಿಗೆ ಮೊಳೆ ಚುಚ್ಚಿದರೆ, ಜೀನ್ಸ್ ಹೊಲಿಯುವಾಗ ಮಿಷನ್ ಸೂಜಿ ಬೆರಳಿಗೆ ಇಳಿದರೆ, ಯಾರೂ ಹೇಳದೆಯೇ ಓಡಿ ಟಿಟಿ ಹಾಕಿಸಿಕೊಳ್ಳುತ್ತಾರೆ. ನಾಯಿ ಕಡಿದವರು ಹೊಕ್ಕಳ ಸುತ್ತ 14 ಇಂಜೆಕ್ಷನ್ ತಿಂದ ಕಾಲದ ಹಿರಿಯರು ಅದನ್ನು ಪದಕದ ಹಾಗೆ ಈಗಲೂ ಹೇಳಿಕೊಳ್ಳುತ್ತಾರೆ. ಅವಕ್ಕೆಲ್ಲ ಮುಂದೊಂದು ಗಾಯವಿದೆ, ನಾಯಿಯಿದೆ, ಕಥೆಯಿದೆ. ಏನೂ ಆಗದಿರಲೆಂದು ಚುಚ್ಚಿಸಿಕೊಂಡು, ಆಮೇಲೆ ನಿಜಕ್ಕೂ ಏನೂ ಆಗದೆ ಹೋದರೆ ಕಟ್ಟೆಯ ಮೇಲೆ ಕೂತು ಹೇಳುವುದಾದರೂ ಏನನ್ನು? ನಮ್ಮಜ್ಜಿಯ ತೋಳಿನಲ್ಲಿ ದೇವಿ ಹಾಕಿಸಿದ ಎರಡು ದುಂಡು ಕಲೆಗಳಿದ್ದವು. ಸಿಡುಬು ಬರಲೇ ಇಲ್ಲ, ಅದರ ಕೀರ್ತಿಯನ್ನು ಅಜ್ಜಿ ಪೂರ್ತಿಯಾಗಿ ದುರ್ಗಮ್ಮನಿಗೆ ಒಪ್ಪಿಸಿದ್ದಳು. 1980ರಲ್ಲಿ ಸಿಡುಬು ಭೂಮಿಯಿಂದಲೇ ತೊಲಗಿತೆಂದು ಸಾರಿದಾಗಲೂ ಅವಳ ಬೇವಿನ ಸೊಪ್ಪು ಬಾಗಿಲಲ್ಲೇ ಇತ್ತು.

ಈ ವಿಷಯದಲ್ಲಿ ಮಕ್ಕಳೇ ಜಾಣರು. ಪೋಲಿಯೋ ಭಾನುವಾರ ಎರಡು ಹನಿ ನುಂಗಿ, ಎಡಗೈ ಕಿರುಬೆರಳಿಗೆ ಶಾಯಿ ಹಚ್ಚಿಸಿಕೊಂಡು, ವೋಟು ಹಾಕಿ ಬಂದವರ ಗತ್ತಿನಲ್ಲಿ ಓಣಿ ಸುತ್ತುತ್ತಾರೆ. ಆ ಹನಿಯನ್ನು ಹೊತ್ತು ತರುವ ಆಶಾ ಕಾರ್ಯಕರ್ತೆಯ ಪಾಡನ್ನು ಬಳ್ಳಾರಿ ಬಿಸಿಲು ಕಂಡವರು ಊಹಿಸಬಹುದು. ಊರಿಗೆ ಊರೇ ಕಾದ ಹಂಚಾಗಿರುವಾಗ, ಕೇಂದ್ರದ ಫ್ರಿಜ್ಜಿನಲ್ಲಿರುವ ಲಸಿಕೆಗಳಿಗೆ ಮಾತ್ರ 2ರಿಂದ 8 ಡಿಗ್ರಿಯ ರಾಜವೈಭೋಗ. ಸೀಸೆಯ ಮೇಲೆ ವೃತ್ತದೊಳಗೆ ಒಂದು ಪುಟ್ಟ ಚೌಕವಿರುತ್ತದೆ. ಶಾಖ ತಾಗುತ್ತ ಹೋದಂತೆ ಅದು ಕಪ್ಪಾಗುತ್ತದೆ, ವೃತ್ತದಷ್ಟೇ ಕಪ್ಪಾದರೆ ಸೀಸೆಯನ್ನು ಬಿಸಾಡಬೇಕು. ಅಂಥದ್ದೊಂದನ್ನು ನಮ್ಮ ಹಣೆಗೂ ಅಂಟಿಸಿದ್ದರೆ ಏಪ್ರಿಲ್ ಎರಡನೇ ವಾರಕ್ಕೆ ಜಿಲ್ಲೆಯೇ ಖಾಲಿ.

ಮೊನ್ನೆ ಸೊಸೆಯ ಕಾಟಕ್ಕೆ ಮಣಿದು ಮಾವ ಕ್ಲಿನಿಕ್ಕಿಗೆ ಹೋಗಿ ಫ್ಲೂ ಲಸಿಕೆ ಹಾಕಿಸಿಕೊಂಡರು. ರೂಢಿಯಂತೆ ಖಾಲಿ ಹೊಟ್ಟೆಯಲ್ಲೇ ಹೋಗಿದ್ದರು. ಅರ್ಧ ಗಂಟೆ ಕೂತಿರಿ ಎಂದರು, ಕೂತರು. ಅರ್ಧ ಗಂಟೆ ಕಳೆದು ಇನ್ನು ಹೊರಡಬಹುದು ಎಂದರು. ಮಾವ ಏಳಲಿಲ್ಲ.

“ರಿಪೋರ್ಟು?”

“ಇದಕ್ಕೆ ರಿಪೋರ್ಟ್ ಇರೋದಿಲ್ಲ, ಅಜ್ಜಾರೇ.”

“ಮತ್ತೆ ರೊಕ್ಕ ಯಾಕೆ ತಗಂಡ್ರಿ?”