ಊರ್ಧ್ವಪಂಜರ ಜೀರ್ಣೋದ್ಧಾರ ಮೀಮಾಂಸೆ

ಪೀಠಿಕೆ

ಡಿಶ್‌ವಾಷರಿನ ಮೇಲಿನ ರ‍್ಯಾಕು ಹಾಳಾದರೆ ಗೃಹಸ್ಥನಾದವನು ಏನು ಮಾಡತಕ್ಕದ್ದು ಎಂಬ ಪ್ರಶ್ನೆಗೆ ನಮ್ಮ ಪ್ರಾಚೀನರು ಉತ್ತರ ಬರೆದಿಟ್ಟಿಲ್ಲ. ಅರವತ್ತನಾಲ್ಕು ಕಲೆಗಳಲ್ಲಿ ಇದಕ್ಕೆ ಜಾಗ ಸಿಕ್ಕಿಲ್ಲ. ಧರ್ಮಶಾಸ್ತ್ರಗಳು ಕಂಚನ್ನು ಬೂದಿಯಿಂದಲೂ ತಾಮ್ರವನ್ನು ಹುಳಿಯಿಂದಲೂ ಶುದ್ಧಿ ಮಾಡಬೇಕೆಂದು ಹೇಳಿ ಕೈತೊಳೆದುಕೊಂಡಿವೆ. ಈ ಕೊರತೆಯನ್ನು ತುಂಬಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಇಲ್ಲಿ ಮೇಲಿನ ರ‍್ಯಾಕನ್ನು ಊರ್ಧ್ವಪಂಜರವೆಂದೂ ಕೆಳಗಿನದನ್ನು ಅಧಃಪಂಜರವೆಂದೂ ಕರೆಯಲಾಗಿದೆ. ರ‍್ಯಾಕು ಎಂದೇ ಬರೆದರೆ ಯಾವ ವಿಚಾರಸಂಕಿರಣದಲ್ಲೂ ಓದಲು ಬಿಡುವುದಿಲ್ಲ, ಪ್ರಯಾಣಭತ್ಯೆಯಂತೂ ದೂರದ ಮಾತು.

ಅಧ್ಯಯನದ ದೇಶ, ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಒಂದು ಅಡುಗೆಮನೆ. ಕಾಲ, 2020ರ ಲಾಕ್‌ಡೌನಿನಿಂದ ಈಚೆಗೆ. ಮನೆಕೆಲಸದವರು ಗೇಟು ದಾಟುವಂತಿಲ್ಲವೆಂದು ಅಸೋಸಿಯೇಷನ್ನಿನವರು ಆಜ್ಞೆ ಹೊರಡಿಸಿದ ದಿನಗಳಲ್ಲಿ ಈ ಯಂತ್ರವು ಹಲವು ಮನೆಗಳನ್ನು ಪ್ರವೇಶಿಸಿತು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿದೆ. ಕೆಲಸದವರು ಮರಳಿ ಬಂದ ಮೇಲೂ ಅದು ಯಾಕೆ ಹೊರಟುಹೋಗಲಿಲ್ಲ ಎಂಬುದರಲ್ಲಿ ಇಲ್ಲ.

ಪಂಜರಪ್ರಾಧಾನ್ಯ ಪ್ರಕರಣ

ಯಂತ್ರ ದೊಡ್ಡದು, ಪಂಜರ ಅದರೊಳಗಿನ ಬಿಡಿಭಾಗ ಎಂಬುದು ಲೋಕಾಭಿಪ್ರಾಯ. ಸರ್ವಿಸ್ ಸೆಂಟರಿನವರದ್ದೂ ಇದೇ ಮತ. ನಾವು ಇದನ್ನು ಖಂಡಿಸುತ್ತೇವೆ. ಪಂಜರವೇ ಮೂಲ, ಉಳಿದದ್ದು ಅದರ ಸುತ್ತ ಆಮೇಲೆ ಬೆಳೆದದ್ದು.

ಪ್ರಮಾಣ ಹೀಗಿದೆ. 1850ರಲ್ಲಿ ಅಮೆರಿಕದ ಜೋಯೆಲ್ ಹೌಟನ್ ಎಂಬಾತ ಮರದ ಯಂತ್ರವೊಂದಕ್ಕೆ ಪೇಟೆಂಟ್ ಪಡೆದ. ಹಿಡಿ ತಿರುಗಿಸಿದರೆ ಅದು ಪಾತ್ರೆಗಳ ಮೇಲೆ ನೀರು ಎರಚುತ್ತಿತ್ತು. ಪಾತ್ರೆಗಳು ಒದ್ದೆಯಾದವು, ಶುಚಿಯಾದವು ಎನ್ನಲು ಧೈರ್ಯ ಬೇಕು. ಅಲ್ಲಿಂದ 36 ವರ್ಷದ ಮೇಲೆ, 1886ರ ಡಿಸೆಂಬರ್ 28ರಂದು, ಇಲಿನಾಯ್ ರಾಜ್ಯದ ಶೆಲ್ಬಿವಿಲ್ಲಿನ ಜೋಸೆಫೀನ್ ಕಾಕ್ರನ್ ಎಂಬಾಕೆಗೆ 3,55,139ನೆಯ ಪೇಟೆಂಟ್ ದೊರೆಯಿತು. ಗಮನಿಸಬೇಕು, ಆಕೆಗೆ ಪಾತ್ರೆ ತೊಳೆಯುವ ಕಷ್ಟ ಇರಲಿಲ್ಲ. ತೊಳೆಯಲು ಆಳುಗಳಿದ್ದರು. ಆಳುಗಳ ಕೈಯಲ್ಲಿ ಒಳ್ಳೆಯ ಪಿಂಗಾಣಿಯ ಅಂಚು ಚಕ್ಕೆಯೇಳುತ್ತಿದ್ದುದು ಆಕೆಯ ದುಃಖ. ಆಕೆ ನೀರಿನಿಂದ ಶುರುಮಾಡಲಿಲ್ಲ. ತಟ್ಟೆ, ಬಟ್ಟಲು, ಸಾಸರುಗಳ ಅಳತೆ ತೆಗೆದು, ಒಂದೊಂದಕ್ಕೂ ಹೊಂದುವಂತೆ ತಂತಿ ಬಾಗಿಸಿ ಗೂಡು ಮಾಡಿಸಿದಳು. ಆ ಗೂಡುಗಳನ್ನು ಚಕ್ರವೊಂದಕ್ಕೆ ಜೋಡಿಸಿ, ಚಕ್ರವನ್ನು ತಾಮ್ರದ ಹಂಡೆಯೊಳಗೆ ಇಟ್ಟು, ಆಮೇಲೆ ಬಿಸಿ ಸಾಬೂನುನೀರು ಚಿಮ್ಮಿಸಿದಳು. ಮೊದಲು ಅಳತೆ, ಅನಂತರ ತಂತಿ, ಕೊನೆಗೆ ನೀರು. ಹೌಟನ್ನನ ಯಂತ್ರಕ್ಕೂ ಈಕೆಯದಕ್ಕೂ ಇರುವ ಅಂತರವೆಲ್ಲ ಈ ಅನುಕ್ರಮದಲ್ಲಿದೆ.

1893ರ ಷಿಕಾಗೊ ವಿಶ್ವಮೇಳದಲ್ಲಿ ಆಕೆಯ ಯಂತ್ರಗಳಿಗೆ ಬಹುಮಾನ ಬಂತು. ಅದೇ ವರ್ಷ ಅದೇ ಊರಿನಲ್ಲಿ ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ್ದು ಎಲ್ಲರಿಗೂ ಗೊತ್ತು. ಪಂಜರದ ಸಂಗತಿಯನ್ನು ನಮ್ಮ ಪಠ್ಯಪುಸ್ತಕಗಳು ಮುಚ್ಚಿಟ್ಟಿವೆ. ಆ ಯಂತ್ರಗಳನ್ನು ಹೋಟೆಲುಗಳು ಕೊಂಡವು. ಮನೆಗಳು ಕೊಳ್ಳಲು ಬಹಳ ಕಾಲ ಹಿಡಿಯಿತು. 1926ರಲ್ಲಿ ಆಕೆಯ ಕಂಪನಿ ಹೋಬಾರ್ಟ್ ಸಂಸ್ಥೆಯ ಪಾಲಾಗಿ, ಕಿಚನ್‌ಏಡ್ ಹೆಸರಿನ ಮನೆಬಳಕೆಯ ಯಂತ್ರ ಹೊರಬಂದದ್ದು 1949ರಲ್ಲಿ.

ನಿದಾನ ಪ್ರಕರಣ

ಊರ್ಧ್ವಪಂಜರದ ಶರೀರ ಉಕ್ಕಿನ ತಂತಿ, ಚರ್ಮ ನೈಲಾನ್ ಅಥವಾ ಪಿವಿಸಿ. ಚರ್ಮ ನೆಟ್ಟಗಿರುವ ತನಕ ತಂತಿಗೂ ನೀರಿಗೂ ಮುಖಪರಿಚಯವಿಲ್ಲ. ಕಡ್ಡಿಯ ತುದಿಯಲ್ಲಿ, ಪಾತ್ರೆಯ ಅಂಚು ದಿನಾ ತಾಕುವ ಜಾಗದಲ್ಲಿ, ಸಾಸಿವೆಯಷ್ಟು ಲೇಪ ಎದ್ದರೆ ಮುಗಿಯಿತು. ಬಿಸಿನೀರು, ಹಬೆ, ಕ್ಷಾರದ ಪುಡಿ ಮೂರೂ ಅಲ್ಲಿಂದ ಒಳಹೊಗುತ್ತವೆ. ತುಕ್ಕಿನದೊಂದು ಗುಣವಿದೆ: ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ. ಹಾಗಾಗಿ ಲೇಪವನ್ನು ಒಳಗಿನಿಂದಲೇ ನೂಕಿ ಎಬ್ಬಿಸುತ್ತದೆ. ಹೊರನೋಟಕ್ಕೆ ಕಡ್ಡಿ ತುಸು ದಪ್ಪಗಾಗಿ, ಆರೋಗ್ಯವಾಗಿಯೇ ಕಾಣುತ್ತದೆ. ಹೆಬ್ಬೆರಳಿನ ಉಗುರಿನಿಂದ ಒತ್ತಿದರೆ ಲೇಪ ಟೊಳ್ಳಾಗಿ ತಗ್ಗುತ್ತದೆ; ಬಿಟ್ಟರೆ ಬಿರುಕಿನಿಂದ ಒಂದು ಹನಿ ಕಂದುನೀರು ಒಸರುತ್ತದೆ. ಒಂದು ದಿನ ಲೋಟ ಎತ್ತಿದರೆ ಕಡ್ಡಿಯೂ ಲೋಟದೊಂದಿಗೇ ಬರುತ್ತದೆ.

ರೋಗಕ್ಕೆ ಕಾರಣ ಸಾಂಸ್ಕೃತಿಕ. ಕಾಕ್ರನ್ ವಂಶದ ಪಂಜರಗಳು ಕಪ್ಪು, ಸಾಸರು, ಗಾಜಿನ ಲೋಟಗಳಿಗಾಗಿ ಹುಟ್ಟಿದವು. ಯಂತ್ರದ ಅಳತೆಯನ್ನು ಇವತ್ತಿಗೂ ‘14 ಪ್ಲೇಸ್ ಸೆಟಿಂಗ್’ ಎಂದು ಹೇಳುತ್ತಾರೆ, ಅಂದರೆ ಹದಿನಾಲ್ಕು ಜನ ಐರೋಪ್ಯರು ಕೂತು ಉಂಡೆದ್ದ ಪಾತ್ರೆ. ಹದಿನಾಲ್ಕು ಜನ ಕನ್ನಡಿಗರು ಉಂಡೆದ್ದರೆ ಎಷ್ಟಾಗುತ್ತದೆಂಬ ಲೆಕ್ಕ ಅದರಲ್ಲಿಲ್ಲ. ಹುಳಿ ಕುದಿಸಿದ ಪಾತ್ರೆಗೇ ಅರ್ಧ ಯಂತ್ರ ಹೋಗುತ್ತದೆ. ಹೀಗಾಗಿ ಅಧಃಪಂಜರದಲ್ಲಿ ಜಾಗ ಸಾಲದೆ ಕುಕ್ಕರಿನ ಮುಚ್ಚಳ, ದೋಸೆಹಿಟ್ಟಿನ ಡಬರಿ, ಒಗ್ಗರಣೆ ಸೌಟು ಎಲ್ಲವೂ ಬಡ್ತಿ ಪಡೆದು ಮೇಲಕ್ಕೆ ಬರುತ್ತವೆ. ವೈನ್ ಗ್ಲಾಸಿನ ಕಾಂಡ ಒರಗಲೆಂದು ಮಾಡಿದ ಕಡ್ಡಿಗೆ ಸ್ಟೀಲ್ ಡಬರಿ ಒರಗುತ್ತದೆ. (ಅಲ್ಯುಮಿನಿಯಂ ಇಡ್ಲಿ ತಟ್ಟೆಯನ್ನು ಇಡುವವರೂ ಇದ್ದಾರೆ. ಪುಡಿಯ ಕ್ಷಾರಕ್ಕೆ ಅದು ಕಪ್ಪಾಗಿ ಹೊರಬರುತ್ತದೆ. ಅದರ ಚರ್ಚೆ ಪ್ರತ್ಯೇಕ ಪ್ರಬಂಧವನ್ನೇ ಬೇಡುತ್ತದೆ.)

ವೈದ್ಯನಿಗೊಂದು ಎಚ್ಚರಿಕೆ. ಪಂಜರ ಒಂದು ಪಕ್ಕಕ್ಕೆ ವಾಲಿದ್ದರೆ ಅದು ಪಂಜರದ ದೋಷವಾಗಿರಲಿಕ್ಕಿಲ್ಲ. ಎತ್ತರ ಏರಿಸಿ ಇಳಿಸುವ ಪ್ಲಾಸ್ಟಿಕ್ ಕ್ಲಿಪ್ಪು ಮುರಿದಿರುತ್ತದೆ, ಇಲ್ಲವೇ ಗಾಲಿ ಕಳಚಿರುತ್ತದೆ. ಅಂಥಲ್ಲಿ ಇಡೀ ಪಂಜರ ಬದಲಿಸುವುದು ಮೂಗುತಿ ಸಡಿಲವಾಯಿತೆಂದು ಮೂಗು ಬದಲಿಸಿದ ಹಾಗೆ.

ಮತಖಂಡನ ಪ್ರಕರಣ

ಈ ವಿಷಯದಲ್ಲಿ ನಾಲ್ಕು ದರ್ಶನಗಳು ಪ್ರಚಲಿತವಾಗಿವೆ.

ಪೂರ್ವಮೀಮಾಂಸಕರ ಏಕೈಕ ಆಚಾರ್ಯರು ನಮ್ಮ ಅತ್ತೆಯವರು. ‘ಕೈಯಿಂದ ತೊಳೆದರೆ ತುಕ್ಕೂ ಇಲ್ಲ, ರ‍್ಯಾಕೂ ಇಲ್ಲ’ ಎಂಬುದು ಅವರ ಮೂಲಸೂತ್ರ. ಎಂಜಲು ತಟ್ಟೆಗೂ ಮುಸುರೆ ಪಾತ್ರೆಗೂ ದೇವರ ನೈವೇದ್ಯದ ಬಟ್ಟಲಿಗೂ ಒಳಗೆ ಒಂದೇ ನೀರು ಸುತ್ತುತ್ತದೆ ಎಂಬ ಅವರ ಆಕ್ಷೇಪ ತಾಂತ್ರಿಕವಾಗಿ ಸರಿಯಾಗಿಯೇ ಇದೆ. ನೀರು ಚಿಮ್ಮಿಸುವ ಮೇಲಿನ ತೋಳಿಗೂ ಕೆಳಗಿನ ತೋಳಿಗೂ ಒಂದೇ ಪಂಪು, ಜಾಲರಿಯಲ್ಲಿ ಸೋಸಿದ ಅದೇ ನೀರು. ಊರ್ಧ್ವಪಂಜರ ಮಡಿ, ಅಧಃಪಂಜರ ಮೈಲಿಗೆ ಎಂದು ನಾವು ತಂದ ಸಂಧಾನಸೂತ್ರ ಇದರಿಂದ ಬಿದ್ದುಹೋಯಿತು. ಇನ್ನು ಅವರ ಬ್ರಹ್ಮಾಸ್ತ್ರ ಅಕ್ಷಯಪಾತ್ರೆಯದು. ದೂರ್ವಾಸರು ಶಿಷ್ಯರ ದಂಡಿನೊಂದಿಗೆ ಬಂದಾಗ ದ್ರೌಪದಿ ಆಗಲೇ ಉಂಡು ಪಾತ್ರೆ ತೊಳೆದಿಟ್ಟಿದ್ದಳು. ಆದರೂ ಅಂಚಿನಲ್ಲೊಂದು ಅಗುಳು ಅಂಟಿಕೊಂಡಿತ್ತು. ಕೃಷ್ಣ ಅದನ್ನು ಬಾಯಿಗೆ ಹಾಕಿಕೊಂಡ, ಅಷ್ಟೂ ಜನರ ಹೊಟ್ಟೆ ತುಂಬಿತು. ‘ನಿಮ್ಮ ಮಿಷನ್ನಿಗೆ ಹಾಕಿದ್ದರೆ ಆ ಅಗುಳು ಉಳೀತಿತ್ತೇನಪ್ಪಾ? ಪಾಂಡವರಿಗೆ ಶಾಪ ತಟ್ಟುತ್ತಿರಲಿಲ್ಲವೇ?’ ಇದಕ್ಕೆ ಸಮಾಧಾನ ಹೇಳಬಲ್ಲ ವಿದ್ವಾಂಸರನ್ನು ನಾವು ಹುಡುಕುತ್ತಿದ್ದೇವೆ.

ಎರಡನೆಯವರು ಲೇಪವಾದಿಗಳು. ತುಕ್ಕು ಕೆರೆದು, ಎಂ-ಸೀಲ್ ಮೆತ್ತಿ, ಮುರಿದ ಕಡ್ಡಿಗೆ ಕೇಬಲ್ ಟೈ ಬಿಗಿದರೆ ಸಾಕು ಎಂಬ ಇವರ ಮತಕ್ಕೆ ಮಧ್ಯಮವರ್ಗದಲ್ಲಿ ಅಪಾರ ಅನುಯಾಯಿಗಳು. ಪಂಜರಕ್ಕೆಂದೇ ಮಾಡಿದ ಲೇಪದ್ರವ, ಕಡ್ಡಿತುದಿಗೆ ತೊಡಿಸುವ ರಬ್ಬರ್ ಟೊಪ್ಪಿಗೆ ಕೂಡ ಉಂಟು. ಒಂದೆರಡು ಕಡ್ಡಿಗೆ ಇದು ಒಪ್ಪುವ ಮಾತೇ. ಬೆಸುಗೆಯ ಕೂಡುಗಳಲ್ಲೇ ತುಕ್ಕು ಕೂತಿದ್ದರೆ ಮಾತ್ರ ಲೇಪದ ಅಡಿಯಲ್ಲಿ ಅದು ತನ್ನ ಸಂಸಾರ ಮುಂದುವರಿಸುತ್ತದೆ. ಉದುರಿದ ಚಕ್ಕೆ ಸ್ಟೀಲ್ ಲೋಟದ ಮೇಲೆ ಕಂದುಚುಕ್ಕೆಯಾಗಿ ಕೂರುತ್ತದೆ, ಲೋಟಕ್ಕೇ ತುಕ್ಕು ಹಿಡಿಯಿತೆಂದು ಮನೆಯಲ್ಲಿ ಗಲಾಟೆಯಾಗುತ್ತದೆ.

ಉಚ್ಛೇದವಾದಿಗಳು ಷೋರೂಮಿನಲ್ಲಿ ಸಿಗುತ್ತಾರೆ. ಯಂತ್ರವನ್ನೇ ಬಿಸಾಡಿ ಹೊಸತು ಕೊಳ್ಳಿ, ಎಕ್ಸ್‌ಚೇಂಜ್ ಇದೆ, ಇಎಂಐ ಇದೆ. ಇವರೊಂದಿಗೆ ವಾದಕ್ಕಿಳಿಯಬಾರದು, ಫೋನ್ ನಂಬರನ್ನಂತೂ ಕೊಡಲೇಬಾರದು.

ನಾಲ್ಕನೆಯದು ನಮ್ಮದು, ಪಂಜರಪರಿವರ್ತನವಾದ. ಭಿನ್ನವಾದ ಮೂರ್ತಿಯನ್ನು ಪೂಜೆಯಲ್ಲಿ ಇಟ್ಟುಕೊಳ್ಳದೆ ಜೀರ್ಣೋದ್ಧಾರ ಮಾಡಬೇಕೆನ್ನುವ ಆಗಮಗಳು ಅದಕ್ಕಾಗಿ ದೇವಸ್ಥಾನವನ್ನೇ ಕೆಡವಬೇಕೆಂದು ಹೇಳುವುದಿಲ್ಲ.

ಶಾಸನ ಪ್ರಕರಣ

ಹೊಸ ಪಂಜರ ತರಿಸಲು ಯಂತ್ರದ ಗೋತ್ರಪ್ರವರ ಹೇಳಬೇಕು. ಅದು ಬಾಗಿಲಿನ ಒಳ ಅಂಚಿಗೆ ಅಂಟಿಸಿದ ಬೆಳ್ಳಿಬಣ್ಣದ ಚೀಟಿಯಲ್ಲಿದೆ. ವರ್ಷಗಟ್ಟಲೆ ಹಬೆ ತಗುಲಿ, ಒರೆಸುವ ಬಟ್ಟೆ ಉಜ್ಜಿ, ಅರ್ಧ ಅಕ್ಷರಗಳು ಸವೆದಿವೆ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಓದಿದಾಗ ಆರನೆಯ ಅಕ್ಷರ ಮಡದಿಗೆ 8, ಮಗಳಿಗೆ 3, ನಮಗೆ ಇಂಗ್ಲಿಷಿನ ಬಿ. ಲಿಪಿಸಾಮ್ಯದಿಂದ ಹುಟ್ಟುವ ಇಂಥ ಪಾಠಾಂತರಗಳ ಕಷ್ಟ ಹಸ್ತಪ್ರತಿ ನೋಡಿದವರಿಗೇ ಗೊತ್ತು. ಮಗಳ ಪಾಠವನ್ನು ಸ್ವೀಕರಿಸಲಾಯಿತು, ಆಕೆಗೆ ಕನ್ನಡಕವಿಲ್ಲ.

ಕಾಲನಿರ್ಣಯ ಇನ್ನೂ ಸ್ವಾರಸ್ಯದ್ದು. ಕೆಲವು ಜರ್ಮನ್ ಮೂಲದ ಯಂತ್ರಗಳ ಚೀಟಿಯಲ್ಲಿ ಎಫ್‌ಡಿ ಎಂಬ ನಾಲ್ಕಂಕಿಯ ಸಂಖ್ಯೆ ಇರುತ್ತದೆ. ಮೊದಲ ಎರಡಂಕಿಗೆ 20 ಕೂಡಿಸಿದರೆ ಇಸವಿ, ಕೊನೆಯ ಎರಡು ತಿಂಗಳು. 0008 ಎಂದಿದ್ದರೆ 2020ರ ಆಗಸ್ಟ್. 9401 ಎಂದಿದ್ದರೆ 94ಕ್ಕೆ 20 ಕೂಡಿಸಿ, ಬಂದ 114ರಲ್ಲಿ ನೂರನ್ನು ಕೈಬಿಟ್ಟು, 2014ರ ಜನವರಿ. ಶಕವರ್ಷಕ್ಕೆ 78 ಕೂಡಿಸಿ ಕ್ರಿಸ್ತಶಕ ಮಾಡುವವರಿಗೆ ಇದು ನೀರು ಕುಡಿದಷ್ಟು ಸುಲಭ.

ಕಸ್ಟಮರ್ ಕೇರಿನ ಹೆಣ್ಣುಮಗಳೊಡನೆ ನಡೆದ ಶಾಸ್ತ್ರಾರ್ಥವನ್ನು ಯಥಾವತ್ತಾಗಿ ದಾಖಲಿಸುತ್ತೇವೆ.

‘ಸರ್, ನಿಮಗೆ ಬಾಸ್ಕೆಟ್ ಕಂಪ್ಲೀಟ್ ಬೇಕಾ, ಬರೀ ಬಾಸ್ಕೆಟ್ಟಾ?’

‘ಕಂಪ್ಲೀಟ್ ಅಂದ್ರೆ ಏನೇನು ಬರುತ್ತಮ್ಮಾ?’

‘ಕಂಪ್ಲೀಟ್ ಬರುತ್ತೆ ಸರ್.’

‘ಗಾಲಿ ಬರುತ್ತಾ?’

‘ಅದು ಬಾಸ್ಕೆಟ್ ಅಲ್ವಲ್ಲ ಸರ್, ಅದು ವೀಲ್.’

ಬೌದ್ಧಗ್ರಂಥ ಮಿಲಿಂದಪನ್ಹದಲ್ಲಿ ಭಿಕ್ಷು ನಾಗಸೇನನು ರಾಜ ಮಿಲಿಂದನಿಗೆ ಗಾಲಿ ರಥವೇ, ಅಚ್ಚು ರಥವೇ ಎಂದು ಕೇಳಿ ಅಲ್ಲ ಎನ್ನಿಸಿದ್ದು ಇದೇ ಜಾಡಿನ ಪ್ರಶ್ನೆ. ಮಿಲಿಂದ ತಲೆದೂಗಿದ. ಅವನು ಜಿಎಸ್‌ಟಿ ಸೇರಿಸಿ ಕೊಡಬೇಕಾಗಿರಲಿಲ್ಲ.

ಪ್ರಯೋಗ ಪ್ರಕರಣ

ಹಳೆಯ ಪಂಜರವನ್ನು ಕೊನೆಯವರೆಗೆ ಹೊರಗೆಳೆಯತಕ್ಕದ್ದು. ಎರಡೂ ಹಳಿಗಳ ಮುಂತುದಿಯಲ್ಲಿ ಪ್ಲಾಸ್ಟಿಕ್ ಸ್ಟಾಪರುಗಳಿವೆ. ಕೆಲವು ಬಾಗಿಲಿನ ಹಾಗೆ ಪಕ್ಕಕ್ಕೆ ತೆರೆಯುತ್ತವೆ, ಕೆಲವನ್ನು ಒತ್ತಿ ಕಳಚಬೇಕು. ಹಳಿ ತಾನೇ ಉದ್ದವಾಗುವ ಜಾತಿಯದಾದರೆ ಸ್ಟಾಪರ್ ಹುಡುಕಬೇಡಿ, ಪಂಜರವನ್ನೇ ಕೊಂಡಿಯಿಂದ ಎತ್ತಬೇಕು. ಹೊರಬಂದ ಪಂಜರವನ್ನು ಟವೆಲ್ಲಿನ ಮೇಲೆ ಬೋರಲು ಹಾಕಿ ನೀರಿನ ತೋಳನ್ನು ಬಿಚ್ಚುವುದು. ಅದರ ತೂತುಗಳಲ್ಲಿ ಸಾಮಾನ್ಯವಾಗಿ ಕರಿಬೇವಿನ ದಂಟು, ಜೀರಿಗೆ, ಬೋರ್‌ವೆಲ್ ನೀರಿನ ಬಿಳಿ ಸುಣ್ಣ ದೊರೆಯುತ್ತವೆ. ಪುರಾತತ್ತ್ವದ ದೃಷ್ಟಿಯಿಂದ ಇದು ಮಹತ್ವದ ಸ್ತರ. ಹಲ್ಲುಕಡ್ಡಿಯಿಂದ ಉತ್ಖನನ ಮಾಡಿ ತೊಳೆದು ಹೊಸ ಪಂಜರಕ್ಕೆ ಕೂಡಿಸಬೇಕು. ಎತ್ತರದ ಕ್ಲಿಪ್ಪುಗಳಲ್ಲಿ ಎಡದ್ದು ಬಲಕ್ಕೆ ಬರುವುದಿಲ್ಲ.

ಇನ್ನು ರಹಸ್ಯೋಪದೇಶ. ಮೇಲಿನ ತೋಳಿಗೆ ನೀರು ಬರುವುದು ಹಲವು ಯಂತ್ರಗಳಲ್ಲಿ ಹಿಂಗೋಡೆಯ ಒಂದು ಬಾಯಿಯಿಂದ. ಪಂಜರವನ್ನು ಒಳಕ್ಕೆ ತಳ್ಳಿದಾಗ ಅದರ ಹಿಂದಿನ ಕೊಳವೆ ಆ ಬಾಯಿಗೆ ಮುಖಕ್ಕೆ ಮುಖವಾಗಿ ಕೂರಬೇಕು. ಎಡಕ್ಲಿಪ್ಪು ಮೇಲಿನ ಮೆಟ್ಟಿಲಲ್ಲಿ, ಬಲಕ್ಲಿಪ್ಪು ಕೆಳಗಿನದರಲ್ಲಿ ಇದ್ದರೆ ಪಂಜರ ಓರೆಯಾಗಿ ನೀರು ಪಕ್ಕಕ್ಕೆ ಹೋಗುತ್ತದೆ, ಲೋಟದ ತಳದಲ್ಲಿ ಕಾಫಿಯ ಉಂಗುರ ಹಾಗೇ ಉಳಿಯುತ್ತದೆ. ಆಗ ಜನ ಪುಡಿಯನ್ನು ಬೈಯುತ್ತಾರೆ. ತೋಳನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿ ನೋಡಿ. ಕೆಳಗಿನ ಡಬರಿಗೆ ತಾಕಿದರೆ ಡಬರಿಯನ್ನು ಮಲಗಿಸಿ. ಸ್ಟಾಪರುಗಳನ್ನು ಮರಳಿ ಹಾಕಲು ಮರೆತವರು ಮೊದಲ ಸಲ ಜೋರಾಗಿ ಎಳೆದಾಗ ಪಂಜರ, ಗಾಜಿನ ಲೋಟ, ಮದುವೆಯ ಉಡುಗೊರೆ ಬಟ್ಟಲು ಸಮೇತ ತೆರೆದ ಬಾಗಿಲ ಮೇಲೆ ಇಳಿಯುತ್ತದೆ.

ವಿಸರ್ಜನ ಪ್ರಕರಣ

ಭಿನ್ನಮೂರ್ತಿಯನ್ನು ಜಲದಲ್ಲಿ ಬಿಡುತ್ತಾರೆ. ಈ ಪಂಜರ ಕೆಟ್ಟದ್ದೇ ಜಲದಿಂದಾದ್ದರಿಂದ ಆ ವಿಧಿ ಇಲ್ಲಿ ಸಲ್ಲದು. ಅತ್ತೆಯವರು ಸಂಡಿಗೆ ಒಣಗಿಸಲು ಇರಲಿ ಎಂದರು. ತುಕ್ಕಿನ ಭಯದಿಂದ ಮಡದಿ ಒಪ್ಪಲಿಲ್ಲ. ಗುಜರಿಯವನನ್ನು ಕರೆಯಲಾಯಿತು. ಅವನು ಪಂಜರವನ್ನು ಒಂದು ಕೈಯಲ್ಲಿ ಎತ್ತಿ ತೂಗಿ, ಲೇಪವನ್ನು ಉಗುರಿನಿಂದ ಕೆರೆದು, ಕಬ್ಬಿಣದ ರೇಟು ಕೊಡಲು ಪ್ಲಾಸ್ಟಿಕ್ ಇದೆ, ಪ್ಲಾಸ್ಟಿಕ್ ರೇಟು ಕೊಡಲು ಕಬ್ಬಿಣ ಇದೆ ಎಂದು ಸಂಶಯವನ್ನು ಮಂಡಿಸಿದ. ಯಂತ್ರಕ್ಕಿಂತ ಪಂಜರವೇ ಪ್ರಧಾನವೆಂಬ ನಮ್ಮ ಸಿದ್ಧಾಂತವನ್ನು ಅವನಿಗೆ ಕಾಕ್ರನ್ನಳ ಪೇಟೆಂಟಿನಿಂದ ಹಿಡಿದು ಸವಿಸ್ತಾರವಾಗಿ ವಿವರಿಸಿದೆವು. ಅವನು ಪೂರ್ತಿ ಕೇಳಿಸಿಕೊಂಡು, ಅಡುಗೆಮನೆಯ ಕಡೆ ಇಣುಕಿ, ‘ಅದೆಲ್ಲಾ ಸರಿ ಸಾರ್, ಮಿಷನ್ ಯಾವಾಗ ಕೊಡ್ತೀರಾ?’ ಎಂದ.